ಹಾಡಿನ ಕೊನೇ ನುಡಿ

ರುದ್ರಾಣಿ ತನ್ನ ದನಿಯನ್ನು ತಾನೇ ಮೊದಲ ಸಲ ಕೇಳಿದ್ದು ಬಸ್ಸಿನಲ್ಲಿ, ಅದೂ ನಿಂತುಕೊಂಡು, ಪಕ್ಕದವಳ ಕೋಳಿಬುಟ್ಟಿ ಮೊಣಕಾಲಿಗೆ ಒತ್ತುತ್ತಿರುವಾಗ.

ಸಾಸ್ವೆಹಳ್ಳಿಯಿಂದ ಹೊನ್ನಾಳಿಯ ಟೈಪಿಂಗ್ ಕ್ಲಾಸಿಗೆ ಅವಳು ದಿನಾ ಹೋಗುವ ಬಸ್ಸು ಅದು. ಎಂಬತ್ತೈದನೇ ಇಸವಿ. ಯುಗಾದಿ ಆಗತಾನೇ ಮುಗಿದಿತ್ತು. ಡ್ರೈವರ್ ಗಾದ್ರಪ್ಪ ಹೊಸದೊಂದು ಕ್ಯಾಸೆಟ್ ತುರುಕಿದ. ಮೊದಲು ಒಬ್ಬ ಗಂಡಸಿನ ದನಿ ಬಂತು. "ನಮಸ್ಕಾರ. ಇದು ನನ್ನ ಯುಗಾದಿ ಕ್ಯಾಸೆಟ್ಟು. ಹೋದ ವರ್ಷ ನನಗೆ ಹಿಡಿಸಿದ ಹಾಡುಗಳು ಇವು. ಸಿನಿಮಾದವಲ್ಲ, ರೇಡಿಯೋದವಲ್ಲ. ತಾವೇ ಕಟ್ಟಿ ತಾವೇ ಹಾಡಿದೋರವು."

ಕತ್ತಲಗೆರೆಯ ಹೆಂಗಸರು ಕಳೆ ಕೀಳುತ್ತಾ ಹಾಡಿದ್ದು ಬಂತು. ಜಗಳೂರಿನ ಚಿಕ್ಕಹನುಮಂತಪ್ಪ ಎನ್ನುವವರು ತಮ್ಮ ಹಳೇ ಸೈಕಲ್ಲಿನ ಮೇಲೆ ಕಟ್ಟಿದ ಹಾಡಿಗೆ ಬಸ್ಸೆಲ್ಲ ನಕ್ಕಿತು. ರುದ್ರಾಣಿಯೂ ನಕ್ಕಳು. ಆಮೇಲೆ ಆ ದನಿ ಸ್ವಲ್ಪ ಮೆತ್ತಗಾಯಿತು. "ಈಗ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು. ಹಾಡಿದೋರು ಗೋವಿನಕೋವಿ ಮದುವೆಮನೆಯ ಒಬ್ಬ ಹೆಣ್ಣುಮಗಳು."

*ನಡೆ ಅಂದರು ನಡೆದೆ, ನಿಲ್ಲಂದರು ನಿಂತೆ,*
*ಹಾಡಂದರು ಹಾಡಿದೆ ಚಾಪೆಯ ಮ್ಯಾಲೆ;*
*ಉಪ್ಪಿಟ್ಟು ತಿಂದೋರು ಕೈತೊಳೆದು ಎದ್ದರು,*
*ಊರಿಗೆ ಹೋಗಿ ಹೇಳ್ತೀವಿ ಅಂದರು.*

ಮೇಲಿನ ಸರಳು ಹಿಡಿದಿದ್ದ ಅವಳ ಕೈ ಜಾರಿತು. ಗೋವಿನಕೋವಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆ ಹೆಂಗಸರು ಸೋಬಾನೆ ಹಾಡಲಿ ಎಂದು ನಡುಮನೆಯಲ್ಲಿ ಮೈಕು ಇಟ್ಟಿದ್ದರು. ಸೋಬಾನೆ ಮುಗಿದು ಮಾಳಿಗೆ ಮೇಲಿನ ಹಾರ್ನು ಸುಮ್ಮನಾಯಿತು. ಹಾರ್ನು ಸುಮ್ಮನಾದರೆ ಮೈಕು ಸತ್ತಿತು ಎಂದೇ ಎಲ್ಲರ ಲೆಕ್ಕ. ಓರಗೆಯವರು ಸುತ್ತ ಕೂತು ಪೀಡಿಸಿದ್ದಕ್ಕೆ ರುದ್ರಾಣಿ ತಾನೇ ಕಟ್ಟಿದ್ದನ್ನು ಹಾಡಿದ್ದಳು. ಹೊರಗೆ ಮೈಕ್‌ಸೆಟ್ಟಿನವನು ಹಾರ್ನು ಮಾತ್ರ ಆರಿಸಿ, ಟೇಪ್‌ರೆಕಾರ್ಡರನ್ನು ಓಡಲು ಬಿಟ್ಟಿದ್ದ ಎಂಬುದು ಈಗ ತಿಳಿಯಿತು.

"ಪಾಪ, ಯಾರ ಮನೆ ಕೂಸೋ. ಎಷ್ಟು ನೊಂದೈತೆ" ಎಂದು ಕೋಳಿಬುಟ್ಟಿಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಹಾಡು ನಿಂತುಹೋಯಿತು. ಒಂದು ನುಡಿ ಇನ್ನೂ ಬಾಕಿ ಇತ್ತು. ಆಮೇಲೆ ಬರೀ ಸುಯ್ ಎನ್ನುವ ಸದ್ದು. ಬಸ್ಸು ಕೆರೆ ಏರಿ ದಾಟುವವರೆಗೂ ಸುಯ್ ಎನ್ನುತ್ತಲೇ ಇತ್ತು. ಆಮೇಲೆ ಟಕ್ ಎಂದಿತು.

ರುದ್ರಾಣಿಗೆ ಮೈಯೆಲ್ಲ ಉರಿದುಹೋಯಿತು. ಅದು ಅಳುವುದಕ್ಕೆ ಕಟ್ಟಿದ ಹಾಡಲ್ಲ. ನೋಡಲು ಬಂದವರ ಮುಂದೆ ಕೂತು, ಹಾಡಿ, ಎದ್ದು ಸಾಕಾದ ಹುಡುಗಿ ಕೊನೇ ನುಡಿಯಲ್ಲಿ ಗಂಡನ್ನೇ ಚಾಪೆ ಮೇಲೆ ಕೂರಿಸುತ್ತಾಳೆ.

*ಕೂತ್ಕೊಳ್ಳೋ ಮಾರಾಯ ಚಾಪೆಯ ಮ್ಯಾಲೆ,*
*ಮುಖವೆತ್ತಿ ನೋಡೋ ನೀ ನನ್ನ ಕಡೆಗೆ;*
*ಉಪ್ಪಿಟ್ಟು ಆರಲಿ, ನಾ ಕೇಳಾಕೆ ಕುಂತೀನಿ,*
*ಒಂದು ಹಾಡು ಈಗ ನೀ ಹಾಡೋ.*

ಈ ನುಡಿಗೋಸ್ಕರವೇ ಉಳಿದದ್ದನ್ನೆಲ್ಲ ಕಟ್ಟಿದ್ದು. ಅದನ್ನೇ ಕತ್ತರಿಸಿ ಎಸೆದಿದ್ದ ಪುಣ್ಯಾತ್ಮ.

ಮೈಕ್‌ಸೆಟ್ಟಿನ ಅಂಗಡಿಗೆ ಹುಡುಗಿಯೊಬ್ಬಳು ಜಗಳಕ್ಕೆ ಹೋದರೆ ಊರು ಏನನ್ನುತ್ತದೆ ಎಂದು ಅವಳು ಸಿಟ್ಟನ್ನು ನುಂಗಿಕೊಂಡಿದ್ದಳು. ಟೈಪಿಂಗ್ ಮಿಷಿನ್ನು ಆ ದಿನಗಳಲ್ಲಿ ಚೆನ್ನಾಗಿ ಏಟು ತಿಂದಿತು. ಆದರೆ ಒಂದು ಸಂಜೆ ಮನೆಗೆ ಬಂದರೆ ತಾಯಿ ಸರ್ವಮಂಗಳಮ್ಮನ ಮುಖದಲ್ಲಿ ಸಂಭ್ರಮ.

"ಚನ್ನಗಿರಿ ಧರ್ಮಪ್ಪನವರು, ಬಟ್ಟೆ ಅಂಗಡಿಯೋರು, ಭಾನುವಾರ ಮಗನಿಗೆ ನಿನ್ನ ನೋಡಾಕೆ ಬರ್ತಾರಂತೆ ಕಣೇ. ಅದ್ಯಾವುದೋ ಹಾಡು ಕೇಳಿ ಗೋವಿನಕೋವೀಲಿ ವಿಚಾರಿಸಿ, ನೀನೇ ಅಂತ ಪತ್ತೆ ಮಾಡವ್ರೆ. ಇಷ್ಟು ತಗ್ಗಿ ಬಗ್ಗಿ ನಡೆಯೋ ಹುಡುಗೀನೇ ನಮಗೆ ಬೇಕು, ಹೇಳಿದಂಗೆ ಕೇಳ್ತಾಳೆ ಅಂದ್ರಂತೆ."

ತಂದೆ ಮುರುಗೇಶಪ್ಪ ಮನಸ್ಸಿನಲ್ಲೇ ಅಳೆದು ತೂಗುತ್ತಾ ಕೂತಿದ್ದರು. "ಒಳ್ಳೆ ಸಂಬಂಧ. ಅವರು ಒಪ್ಪಿದ್ರೆ ಅಲ್ಲೇ ಮಾತು ಕೊಟ್ಟುಬಿಡ್ತೀನಿ" ಎಂದರು.

ಅರ್ಧ ಹಾಡನ್ನು ಮೆಚ್ಚಿ ಬರುವವನ ಜೊತೆ ಇಡೀ ಬದುಕು. ಮರುದಿನ ರುದ್ರಾಣಿ ಟೈಪಿಂಗ್ ಕ್ಲಾಸಿಗೆ ಹೋಗಲೇ ಇಲ್ಲ.

ಹೊನ್ನಾಳಿ ಬಸ್ ಸ್ಟ್ಯಾಂಡಿನ ಹಿಂದಿತ್ತು ಅಂಗಡಿ. ಒಳಗೆ ತೆಳ್ಳಗಿನ ಯುವಕನೊಬ್ಬ ಕ್ಯಾಸೆಟ್ಟಿನ ಕಣ್ಣಿಗೆ ಪೆನ್ಸಿಲ್ ತೂರಿಸಿ ಟೇಪು ಸುತ್ತುತ್ತಿದ್ದ.

"ಮೈಕ್‌ಸೆಟ್ಟಿನ ಬೆನಕಪ್ಪ ಅಂದ್ರೆ ನೀವೇನಾ?"

ಅವನು ತಲೆ ಎತ್ತಲಿಲ್ಲ, ಕಣ್ಣು ಮುಚ್ಚಿದ. ಬೇರೆಯವರು ಮುಖ ನೋಡಿ ಗುರುತು ಹಿಡಿದರೆ ಈ ಮನುಷ್ಯ ದನಿ ಕೇಳಿ ಹಿಡಿಯುತ್ತಿದ್ದ. ಕಣ್ಣು ಬಿಟ್ಟಾಗ ಆ ಕಣ್ಣುಗಳಲ್ಲಿ ಅಷ್ಟೊಂದು ಖುಷಿ ಇತ್ತು. ರುದ್ರಾಣಿಗೆ ಸಿಟ್ಟು ಇನ್ನೂ ಏರಿತು.

"ನೀವು..." ಎಂದ.

"ನಾನೇ. ಗೋವಿನಕೋವಿ ಮದುವೆಮನೆಯ ಒಬ್ಬ ಹೆಣ್ಣುಮಗಳು."

"ಕುಂತ್ಕೊಳ್ರಿ."

"ಕುಂದ್ರಾಕೆ ಬಂದಿಲ್ಲ. ನಿಮ್ಮನೇಲಿ ಹೆಣ್ಣುಮಕ್ಕಳಿಗೆ ಹೆಸರಿಡೋದಿಲ್ವಾ?"

ಅವನು ಎದ್ದು ನಿಂತ. "ಯಾರು ಅಂತ ವಿಚಾರಿಸಲಿಲ್ಲ ರೀ. ಹೆಸರು ಹೊರಗೆ ಬಿದ್ರೆ ನಿಮ್ಮ ಮನೇರು ನಿಮಗೆ ಬೈತಾರೆ ಅಂತ."

"ಹೆಸರು ಹೇಳಿದ್ರೂ ನಾನು ಬೈತಿದ್ದೆ. ಹೇಳದೇ ಇದ್ದುದಕ್ಕೂ ಬೈತೀನಿ. ಬಂದು ಒಂದು ಮಾತು ಕೇಳಿದ್ರೆ ಬೈತಿರಲಿಲ್ಲ."

"ತಪ್ಪಾಯ್ತು."

"ಆಯ್ತು ಅಂತ ಗೊತ್ತಿದ್ದೇ ಬಂದೀನಿ. ಕೊನೇ ನುಡಿ ಎಲ್ಲಿ?"

ಅವನ ಕೈ ಪೆನ್ಸಿಲ್ಲನ್ನು ಹುಡುಕಿತು. ಅದು ಕೈಯಲ್ಲೇ ಇತ್ತು. "ಸೈಡು ಮುಗೀತು ರೀ. ಟೇಪು ಸಾಲಲಿಲ್ಲ."

"ಸುಳ್ಳು. ಟೇಪು ಸಾಲದಿದ್ರೆ ಹಾಡು ನಿಂತ ಕೂಡಲೇ ಟಕ್ ಅನ್ನಬೇಕಿತ್ತು. ಬಸ್ಸು ಕೆರೆ ಏರಿ ದಾಟೋವರೆಗೂ ಖಾಲಿ ಟೇಪು ಓಡ್ತಿತ್ತು. ನಾನೇನು ಕಿವುಡಿನಾ?"

ಮೊದಲು ಅವನ ಎಡಗಿವಿ ಕೆಂಪಾಯಿತು, ಆಮೇಲೆ ಬಲಗಿವಿ. ಅವಳು ಎರಡನ್ನೂ ನೋಡುತ್ತಾ ನಿಂತಳು.

"ಅದನ್ನ ಊರಿಗೆಲ್ಲ ಕೇಳಿಸಾಕೆ ಮನಸ್ಸು ಬರಲಿಲ್ಲ" ಎಂದ ಕೊನೆಗೆ, ನೆಲ ನೋಡುತ್ತಾ. "ಬೆಳಗ್ಗೆ ಅಂಗಡಿ ಬಾಗಿಲು ತೆಗೆದು ಊದಿನಕಡ್ಡಿ ಹಚ್ಚಿ, ಮೊದಲು ಅದೊಂದೇ ನುಡಿ ಹಾಕ್ತೀನಿ. 'ನೀ ಹಾಡೋ' ಅಂತೀರಲ್ಲ, ನನಗೇ ಹೇಳಿದಂಗೆ ಆಗುತ್ತೆ. ಎಷ್ಟೋ ಜನರ ಹಾಡು ಹಿಡಿದೀನಿ ರೀ. ಯಾರೂ ನನ್ನ ತಿರುಗಿ ಕೇಳಿರಲಿಲ್ಲ."

ರುದ್ರಾಣಿಯ ಎದೆಯಲ್ಲಿ ಏನೋ ಸಡಿಲವಾಯಿತು. ಹಾಗಾಯಿತಲ್ಲ ಎಂಬುದಕ್ಕೇ ಸಿಟ್ಟು ದುಪ್ಪಟ್ಟಾಗಿ ತಿರುಗಿ ಬಂತು.

"ಅದು ನಿಮ್ಮ ಸ್ವತ್ತಾ, ಎತ್ತಿಟ್ಕೊಳ್ಳಾಕೆ? ನನ್ನ ಧೈರ್ಯ ನೀವು ಇಟ್ಕೊಂಡ್ರಿ. ನನ್ನ ಅಳು ಊರಿಗೆ ಹಂಚಿದ್ರಿ. ಅದನ್ನ ಕೇಳಿ ಭಾನುವಾರ ಚನ್ನಗಿರಿಯಿಂದ ನನ್ನ ನೋಡಾಕೆ ಬರ್ತಾವ್ರೆ. ಹೇಳಿದಂಗೆ ಕೇಳೋ ಹುಡುಗಿ ಅಂತ. ನಮ್ಮಪ್ಪ ಮಾತು ಕೊಟ್ರೆ ಮುಗೀತು."

ಕಿವಿಯ ಕೆಂಪೆಲ್ಲ ಒಮ್ಮೆಲೇ ಇಳಿಯಿತು. "ಭಾನುವಾರನಾ?"

"ಅಷ್ಟರೊಳಗೆ ಪೂರ್ತಿ ಹಾಡು ಹಾಕ್ರಿ. ನನ್ನ ಹೆಸರು, ನಮ್ಮಪ್ಪನ ಹೆಸರು, ಊರು, ಎಲ್ಲ ಹೇಳ್ರಿ. ಯಾವ್ಯಾವ ಬಸ್ಸಿಗೆ, ಯಾವ್ಯಾವ ಹೋಟೆಲಿಗೆ ಕೊಟ್ಟಿದ್ದೀರೋ ಎಲ್ಲ ಕಡೆ ಬದಲಾಯಿಸ್ರಿ."

"ನಿಮ್ಮ ಹೆಸರು?"

"ರುದ್ರಾಣಿ" ಎಂದಳು, ಬೈಗುಳದ ಹಾಗೆ.

"ರುದ್ರಾಣಿ" ಎಂದ ಅವನು.

"ಹಂಗೆ ಹೇಳಬ್ಯಾಡ್ರಿ."

"ಹೆಂಗೆ?"

"ಕಣ್ಣು ಮುಚ್ಕೊಂಡು." ಅವಳು ಬಾಗಿಲವರೆಗೆ ಹೋಗಿ ತಿರುಗಿದಳು. "ಅಷ್ಟು ಆಸೆ ಇದ್ರೆ ನೀವೇ ಹಾಡಬಹುದಿತ್ತಲ್ಲ?"

"ನನ್ನ ದನಿ ಕೇಳಿದ್ರೆ ಕಾಗೆ ಎದ್ದೋಗ್ತವೆ. ಸ್ಕೂಲಲ್ಲಿ ಪ್ರಾರ್ಥನೆಗೆ ನೀನು ಬರೀ ತುಟಿ ಅಲ್ಲಾಡಿಸು ಅಂತಿದ್ರು ಮೇಷ್ಟ್ರು. ಅದಕ್ಕೇ ಬೇರೆಯವರದು ಕೂಡಿಡ್ತೀನಿ."

ಅವಳಿಗೆ ನಗು ಬಂದೇಬಿಟ್ಟಿತ್ತು. ಹಲ್ಲು ಕಚ್ಚಿ ಅದನ್ನು ಒಳಗೇ ಹಿಡಿದು, ಬಿರಬಿರನೆ ಬಸ್ ಸ್ಟ್ಯಾಂಡಿಗೆ ನಡೆದಳು.

ಭಾನುವಾರ ಧರ್ಮಪ್ಪನವರು ಮಗನನ್ನು ಕರೆದುಕೊಂಡು ಬಸ್ಸಿಳಿದಾಗಲೇ ಅವರ ಮುಖ ಬಿಗಿದುಕೊಂಡಿತ್ತು. ಚಾಪೆ ಹಾಸಿತ್ತು. ಉಪ್ಪಿಟ್ಟಿನ ತಟ್ಟೆಗಳು ಬಂದವು. ರುದ್ರಾಣಿ ಬಂದು ಕೂತಳು.

"ಬರ್ತಾ ಬಸ್ಸಿನಾಗೆ ನಿಮ್ಮ ಮಗಳ ಹಾಡು ಹಾಕಿದ್ರು ಮುರುಗೇಶಪ್ಪಾರೇ" ಎಂದರು ಧರ್ಮಪ್ಪ. "ನಿಮ್ಮ ಹೆಸರು ಬೇರೆ ಹೇಳ್ದ ಆ ಮೈಕಿನೋನು. ಕೊನೇ ನುಡಿ ನಾನೇ ಬೇಕಂತ ಕತ್ತರಿಸಿದ್ದೆ, ತಪ್ಪು ನಂದು ಅಂದ. ಅದಕ್ಕೆ ಅಂಥದ್ದೊಂದು ಬಾಲ ಐತೆ ಅಂತ ನಮಗೆ ಗೊತ್ತಿರಲಿಲ್ಲ. ಹೋಗ್ಲಿ ಬಿಡ್ರಿ, ಹುಡುಗಾಟ. ಮದುವೆ ಆದಮೇಲೆ ಎಲ್ಲ ತಾನೇ ಹೋಗುತ್ತೆ." ಅವಳ ಕಡೆ ತಿರುಗಿದರು. "ಆ ಕೊನೇದು ಬಿಟ್ಟು ಉಳಿದಿದ್ದು ಹಾಡಮ್ಮ, ಕೇಳನ."

ಸರ್ವಮಂಗಳಮ್ಮ ಕಣ್ಣಿನಲ್ಲೇ ಮಗಳನ್ನು ಬೇಡಿಕೊಂಡಳು. ರುದ್ರಾಣಿ ತಲೆ ಎತ್ತಿ ವರನನ್ನೇ ನೋಡಿದಳು. ಅವನು ಒಂದು ಮಾತಾಡಿದ್ದರೆ, 'ಪೂರ್ತಿ ಹಾಡ್ರಿ' ಎಂದಿದ್ದರೆ, ಅವಳು ಯೋಚನೆ ಮಾಡುತ್ತಿದ್ದಳೋ ಏನೋ. ಅವನು ಉಪ್ಪಿಟ್ಟಿನಲ್ಲಿದ್ದ ಮೆಣಸಿನಕಾಯಿ ಆರಿಸುತ್ತಿದ್ದ.

ಅವಳು ಉಳಿದದ್ದನ್ನೆಲ್ಲ ಬಿಟ್ಟು ಕೊನೇ ನುಡಿಯನ್ನಷ್ಟೇ ಹಾಡಿದಳು. 'ನೀ ಹಾಡೋ' ಎಂದಾಗ ವರ ತಂದೆಯ ಮುಖ ನೋಡಿದ. ತಂದೆ ಎದ್ದು ಕೈ ತೊಳೆದರು. ಊರಿಗೆ ಹೋಗಿ ಹೇಳ್ತೀವಿ ಎಂದೂ ಅನ್ನಲಿಲ್ಲ.

"ಆ ಮೈಕ್‌ಸೆಟ್ಟಿನೋನ ಕಾಲು ಮುರೀತೀನಿ" ಎಂದರು ಮುರುಗೇಶಪ್ಪ. ಮಗಳ ಜೊತೆ ಮಾತು ಬಿಟ್ಟರು. ವಾರವಿಡೀ ಮನೆಯಲ್ಲಿ ಪಾತ್ರೆಗಳೇ ಮಾತಾಡಿದವು. ರುದ್ರಾಣಿಗೆ ಅಪ್ಪನ ಮೇಲೆ ಸಿಟ್ಟು, ಚನ್ನಗಿರಿಯವರ ಮೇಲೆ ಸಿಟ್ಟು. ಬಸ್ಸಿನಲ್ಲಿ 'ಮುರುಗೇಶಪ್ಪನವರ ಮಗಳು ರುದ್ರಾಣಿ' ಎಂದು ಆ ದನಿ ಹೇಳಿದಾಗಲೆಲ್ಲ ಕಿವಿ ಅತ್ತ ತಿರುಗುತ್ತಿತ್ತಲ್ಲ, ಅದಕ್ಕೆ ತನ್ನ ಮೇಲೇ ಸಿಟ್ಟು.

ಕಾಲು ಮುರಿಯಲು ಮುರುಗೇಶಪ್ಪ ಹೊನ್ನಾಳಿಗೆ ಹೋಗಬೇಕಾಗಲಿಲ್ಲ. ಮುಂದಿನ ಭಾನುವಾರ ಎರಡೂ ಕಾಲು ತಾವಾಗಿ ನಡೆದುಕೊಂಡು ಮನೆ ಬಾಗಿಲಿಗೆ ಬಂದವು. ಜೊತೆಗೆ ನ್ಯಾಮತಿಯಿಂದ ಬಂದ ಅವನ ಸೋದರಮಾವ ಮರುಳಪ್ಪ. ಬೆನಕಪ್ಪನ ಕಂಕುಳಲ್ಲಿ ಟೇಪ್‌ರೆಕಾರ್ಡರ್.

"ಯಾವ ಮುಖ ಇಟ್ಕೊಂಡು ಬಂದೆಯಪ್ಪ? ಹೆಣ್ಣು ನೋಡಾಕಾ?" ಮುರುಗೇಶಪ್ಪ ಹೊಸ್ತಿಲಲ್ಲೇ ಅಡ್ಡ ನಿಂತರು.

"ಇಲ್ಲ ರೀ. ತೋರಿಸ್ಕೊಳ್ಳಾಕೆ ಬಂದೀನಿ."

ಒಳಗೆ ಸರ್ವಮಂಗಳಮ್ಮನ ಕೈಯಿಂದ ಸೌಟು ಬಿತ್ತು. ಮುರುಗೇಶಪ್ಪನವರಿಗೆ ಇದಕ್ಕೆ ಯಾವ ಬೈಗುಳ ಸರಿಹೋಗುತ್ತದೆಂದು ತಕ್ಷಣ ಹೊಳೆಯಲಿಲ್ಲ. ಅಷ್ಟರಲ್ಲಿ ಅವನು ಪಕ್ಕದಲ್ಲೇ ನುಸುಳಿ, ಗೋಡೆಗೆ ಒರಗಿಸಿದ್ದ ಚಾಪೆಯನ್ನು ತಾನೇ ಹಾಸಿಕೊಂಡು, ಮಂಡಿ ಮಡಚಿ ಕೂತ. ಮರುಳಪ್ಪ ಕೈಮುಗಿದು, "ಬ್ಯಾಡ ಅಂದೆ ರೀ, ಕೇಳಲಿಲ್ಲ" ಎಂದರು.

ರುದ್ರಾಣಿ ಬಂದು ಎದುರಿಗೆ ನಿಂತಳು, ಸೊಂಟದ ಮೇಲೆ ಕೈ. "ಈ ಸಲನಾದ್ರೂ ಕೇಳಿ ಬಂದೀರಾ?"

"ಕೇಳಾಕೇ ಬಂದೀನಿ. ಮೊದಲು ನಿಮ್ಮನ್ನ, ಆಮೇಲೆ ನಿಮ್ಮಪ್ಪಾರನ್ನ." ಟೇಪ್‌ರೆಕಾರ್ಡರನ್ನು ಅವಳ ಕಡೆ ತಳ್ಳಿದ. "ಕೆಂಪು ಗುಂಡಿ ನಿಮ್ಮ ಕಡೆ ಐತೆ. ಒತ್ತಬೇಕು ಅನ್ಸಿದ್ರೆ ಒತ್ರಿ."

ಅವನ ಹಣೆಯಲ್ಲಿ ಬೆವರು ಸಾಲಿಟ್ಟಿತ್ತು. ಈ ಸಲ ಅವನು ಕಣ್ಣು ಮುಚ್ಚಿರಲಿಲ್ಲ. ಅವಳು ಅವನನ್ನು ಚೆನ್ನಾಗಿ ಕಾಯಿಸಿದಳು. ಆಮೇಲೆ ಕೂತು, ಕೆಂಪು ಗುಂಡಿ ಒತ್ತಿದಳು.

"ಹಾಡ್ರಿ."

*ಕದ್ದೆನೇ ನಿನ್ನ ಹಾಡು, ಕದ್ದಿದ್ದ ತಂದೀನಿ,*
*ಕುಂತೀನಿ ನಿನ್ನ ಮನೆ ಚಾಪೆಯ ಮ್ಯಾಲೆ;*
*ದನಿ ಇಲ್ಲದೋನು ನಾ, ನಗಬೇಕಂದರೆ ನಗು,*
*ಊರಿಗೆ ಹೋಗು, ಹೇಳ್ತೀನಂತ ಅನಬ್ಯಾಡ.*

ಮೇಷ್ಟ್ರು ಹೇಳಿದ್ದು ಸುಳ್ಳಾಗಿರಲಿಲ್ಲ. ಅಂಗಳದ ಕೋಳಿಗಳು ದಿಕ್ಕಾಪಾಲಾದವು. ಪಕ್ಕದ ಮನೆಯ ತಿಪ್ಪಮ್ಮ ಏನಾಯಿತೋ ಎಂದು ಓಡಿಬಂದು ಬಾಗಿಲಲ್ಲಿ ನಿಂತಳು. ಮರುಳಪ್ಪ ಸೂರು ನೋಡುತ್ತಾ ಕೂತರು. ಎರಡನೇ ಸಾಲಿನಲ್ಲಿ ಅವನ ದನಿ ಒಡೆಯಿತು, ಮೂರನೆಯದರಲ್ಲಿ ನಡುಗಿತು. ಆದರೂ ಬಿಡದೆ ಕೊನೇ ಸಾಲಿನ ಕೊನೇ ಮಾತಿನವರೆಗೆ ಹಾಡಿ ಮುಗಿಸಿದ.

ಮುರುಗೇಶಪ್ಪ ಮೀಸೆಯ ಮೇಲೆ ಕೈ ಇಟ್ಟು ಬಾಯಿ ಮುಚ್ಚಿಕೊಂಡಿದ್ದರು. ನಗು ತಡೆಯಲೋ, ಕೋಪ ತಡೆಯಲೋ, ಹೇಳುವುದು ಕಷ್ಟವಿತ್ತು. ವಾರದ ಮೇಲೆ ಮೊದಲ ಸಲ ಮಗಳ ಜೊತೆ ಮಾತಾಡಿದರು.

"ಏನಮ್ಮ, ಏನಂತೀಯ?"

ರುದ್ರಾಣಿ ಟೇಪನ್ನು ಇನ್ನೂ ನಿಲ್ಲಿಸಿರಲಿಲ್ಲ. ತಾನು ಹೇಳುವುದೂ ಅದರಲ್ಲಿ ಸೇರಲಿ ಎಂದೇ ಬಿಟ್ಟಿದ್ದಳು. ಅವಳ ಹುಬ್ಬು ಇನ್ನೂ ಗಂಟಿಕ್ಕಿತ್ತು, ಕಣ್ಣಲ್ಲಿ ಮಾತ್ರ ನೀರಾಡುತ್ತಿತ್ತು.

"ಬರೋ ಯುಗಾದಿ ಕ್ಯಾಸೆಟ್ಟಿನಾಗೆ ಇದೇ ಮೊದಲ್ನೇ ಹಾಡು" ಎಂದಳು. "ಪೂರ್ತಿ ಹಾಕಬೇಕು. ಹೆಸರು ಸಮೇತ."

ಬೆನಕಪ್ಪ ಗಾಬರಿಯಾದ. "ಊರೆಲ್ಲ ನಗುತ್ತೆ ರೀ."

"ನಗಲಿ" ಎಂದಳು ರುದ್ರಾಣಿ. "ಈ ವರ್ಷ ನನಗೆ ಹಿಡಿಸಿದ್ದು ಇದೇ."