ಹರಳೆಣ್ಣೆಯ ದಾರ

1964ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ 10 ಗಂಟೆ 20 ನಿಮಿಷಕ್ಕೆ ಹಾಸನದ ಠಾಣೆಗೆ ಒಂದು ವಿಚಿತ್ರವಾದ ದೂರು ಬಂತು. ಕಳುವಾದದ್ದು ಒಡವೆಯಲ್ಲ, ದನವಲ್ಲ, ಕಡೆಗೆ ಒಂದು ಸೈಕಲ್ಲೂ ಅಲ್ಲ. ಒಂದು ನೋಟ್ ಬುಕ್ಕು, ಟೈಪು ಮಾಡಿದ ಹದಿನಾಲ್ಕು ಹಾಳೆ, ಗಾಜಿನ ಕೊಳವೆಯಲ್ಲಿಟ್ಟಿದ್ದ ಒಂದು ಗೇಣು ದಾರ. ಇಷ್ಟೇ.

ದೂರು ತಂದವರು ಊರಿನ ಖಾಸಗಿ ಕಾಲೇಜೊಂದರ ರಸಾಯನಶಾಸ್ತ್ರದ ಅಧ್ಯಾಪಕ ತಿರುನಾರಾಯಣ. ವಯಸ್ಸು ನಲವತ್ತೆಂಟು. ಹಣೆಯಲ್ಲಿ ತಿದ್ದಿದ ನಾಮ, ಕೋಟಿನ ತೋಳಿನಲ್ಲಿ ಆಸಿಡ್ ಬಿದ್ದು ಆದ ತೂತುಗಳು.

ಹೆಡ್ ಕಾನ್ಸ್‌ಟೇಬಲ್ ಚೆನ್ನಯ್ಯ ಎಫ್.ಐ.ಆರ್. ಬರೆಯಲು ಕುಳಿತ.

"ಮಾಲಿನ ಬೆಲೆ ಎಷ್ಟು ಸ್ವಾಮಿ?"

"ಬೆಲೆ ಕಟ್ಟೋಕೆ ಆಗೋಲ್ಲ."

"ಕಾಲಂ ಐತಲ್ಲ ಸ್ವಾಮಿ, ಏನಾರ ಬರೀಬೇಕು."

"ಮೂರು ವರ್ಷ ಅಂತ ಬರ್ಕೊಳ್ಳಿ."

ಚೆನ್ನಯ್ಯ ಇನ್ಸ್‌ಪೆಕ್ಟರ್ ಪಾಲಾಕ್ಷನ ಮುಖ ನೋಡಿದ. ಖಾಲಿ ಬಿಡು ಎಂದು ಪಾಲಾಕ್ಷ ಸನ್ನೆ ಮಾಡಿದ.

"ದಾರ ಎಂಥದು?" ಪಾಲಾಕ್ಷ ಕೇಳಿದ.

ತಿರುನಾರಾಯಣರ ದನಿ ಏರಿತು. "ಹರಳೆಣ್ಣೆಯಿಂದ ತೆಗೆದದ್ದು ಸ್ವಾಮಿ! ಬಿಡಿ ಹೂವು ಇರುತ್ತಲ್ಲ, ಅದು ಮಾನೊಮರ್. ಕಟ್ಟಿದರೆ ಮಾಲೆ, ಅದು ಪಾಲಿಮರ್. ಬೇರೆಯವರು ಇರೋ ಹೂವು ಕಟ್ತಾರೆ. ನಾನು ಹೂವನ್ನೇ ಹೊಸದಾಗಿ ಮಾಡಿದೆ. ಪರದೇಶದ ಪತ್ರಿಕೆಯವರು ಅಚ್ಚು ಹಾಕ್ತೀವಿ ಅಂತ ಒಪ್ಪಿದಾರೆ. ನವೆಂಬರ್ ಹತ್ತರೊಳಗೆ ತಿದ್ದಿದ ಪ್ರತಿಯ ಜೊತೆ ದಾರದ ಒಂದು ತುಂಡು ಕಳಿಸಬೇಕು. ಕಳಿಸದಿದ್ದರೆ ಲೇಖನ ಬಿಟ್ಟ ಹಾಗೆ."

"ತುಂಡು ಯಾಕೆ ಕೇಳಿದರು?"

"ಪರೀಕ್ಷೆ ಮಾಡೋಕೆ. ನನ್ನ ದಾರ ಕರಗೋ ಶಾಖ ಅಂಗಡಿಯ ನೈಲಾನಿನಷ್ಟೇ ಇದೆಯಂತೆ. ನಮ್ಮ ಹರಳು ಬೀಜದಲ್ಲಿ ಅಷ್ಟು ಗಟ್ಟಿ ದಾರ ಇದೆ ಅಂದರೆ ಯಾರು ನಂಬ್ತಾರೆ ಹೇಳಿ!"

"ಕಾಗದ ಬಂದದ್ದು ಯಾವತ್ತು? ಯಾರಿಗೆ ಗೊತ್ತು?"

"ಗುರುವಾರ, ಎಂಟನೇ ತಾರೀಕು. ಎಲ್ಲರಿಗೂ ಓದಿ ಹೇಳಿದೆ. ಸಹೋದ್ಯೋಗಿ ಯೋಗಾನರಸಿಂಹ, ಟೈಪಿಸ್ಟ್ ಗಂಗಾಂಬಿಕೆ, ನಮ್ಮ ಅಟೆಂಡರ್ ದೇವಯ್ಯ. ದೇವಯ್ಯನಿಗೆ ಕನ್ನಡದಲ್ಲಿ ಹೇಳಿದೆ. ಶನಿವಾರ ಒಂದು ಗಂಟೆಗೆ ಬೀರುವಿಗೆ ನಾನೇ ಬೀಗ ಹಾಕಿ ಹೋದೆ, ಇವತ್ತು ತೆಗೆದರೆ ಯಾವುದೂ ಇಲ್ಲ."

ಭಾರತೀಯ ದಂಡ ಸಂಹಿತೆ 380ರ ಪ್ರಕಾರ ಪ್ರಕರಣ ದಾಖಲಾಯಿತು.

11 ಗಂಟೆ 45 ನಿಮಿಷಕ್ಕೆ ಪ್ರಯೋಗಶಾಲೆಯಲ್ಲಿ ಪಂಚನಾಮೆ. ಪಂಚರು ಕಾಲೇಜಿನ ಗುಮಾಸ್ತ ಮತ್ತು ಎದುರಿನ ಹೋಟೆಲಿನವನು. ಮರದ ಬೀರುವಿನ ಬೀಗ ಒಡೆದಿಲ್ಲ. ಒಳಗೆ ಬೆಳ್ಳಿಯ ಬಟ್ಟಲೊಂದು ಇದ್ದ ಹಾಗೇ ಇದೆ. ಬೆಳ್ಳಿ ಬಿಟ್ಟು ದಾರ ಕದ್ದವನನ್ನು ಚೆನ್ನಯ್ಯ ತನ್ನ ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಕಂಡಿರಲಿಲ್ಲ.

ಬೀರು ಮುಚ್ಚಲು ತಿರುನಾರಾಯಣ ದೇವಯ್ಯನನ್ನು ಕರೆದರು. ಬೀಗದ ಕೈಯನ್ನು ಅವನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟರು. ದೇವಯ್ಯ ಅಲ್ಲಿಂದ ಎತ್ತಿಕೊಂಡ. ಅಧ್ಯಾಪಕರಿಗೆ ಈತನ ಮೇಲೂ ನಂಬಿಕೆ ಇಲ್ಲವೇ ಎಂದು ಪಾಲಾಕ್ಷ ಮನಸ್ಸಿನಲ್ಲೇ ಗುರುತು ಹಾಕಿಕೊಂಡ.

ದೇವಯ್ಯ ಸಣಕಲು ಮನುಷ್ಯ. ಹನ್ನೊಂದು ವರ್ಷದ ನೌಕರಿ.

"ಶನಿವಾರ ಬಾಗಿಲು ಎಷ್ಟೊತ್ತಿಗೆ ಹಾಕಿದೆ?"

"ಎಲ್ಡು ಗಂಟೆಗೆ ಸಾ. ಗುಡ್ಸಿ, ಗಾಜೆಲ್ಲ ತೊಳ್ದು."

"ಆಮೇಲೆ?"

"ಊರ್ಗೆ ಓದೆ. ಅಳೇಕೋಟೆ. ಇವತ್ತು ಬೆಳಿಗ್ಗೆ ಬಂದೆ."

"ಇಂಗ್ಲಿಷ್ ಓದ್ತೀಯಾ?"

"ಇಲ್ಲ ಸಾ. ಅಂಕೆ ಬರೀತೀನಿ. ಶಾಕ ನೋಡಿ ಬುಕ್ನಾಗೆ ಬರಿಯಾದು ನಾನೇಯ. ಮೇಷ್ಟ್ರೇ ಕಲ್ಸಿದ್ದು."

ಇನ್ನೊಂದು ಬೀಗದ ಕೈ ಯೋಗಾನರಸಿಂಹರ ಹತ್ತಿರ ಇತ್ತು. ವಯಸ್ಸು ಮೂವತ್ತೆರಡು, ಮಾತು ಚುಟುಕು.

"ಶನಿವಾರ ಎಲ್ಲಿದ್ದಿರಿ?"

"ಚನ್ನರಾಯಪಟ್ಟಣ. ಮಾವನ ಮನೆ."

"ಬೀಗದ ಕೈ?"

"ನನ್ನ ಜೇಬಲ್ಲೇ ಇತ್ತು."

"ಲೇಖನದಲ್ಲಿ ನಿಮ್ಮ ಹೆಸರಿದೆಯೇ?"

"ಇಲ್ಲ. ಬೇಕಾಗೂ ಇಲ್ಲ." ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಬಿಟ್ಟರು.

ಹೊರಗೆ ಬಂದ ಮೇಲೆ ಚೆನ್ನಯ್ಯ ಮೀಸೆ ತಿರುವಿದ. "ಇವ್ರೇ ಕಣ್ ಸಾ. ಒಟ್ಟೆಕಿಚ್ಚು. ಮುಖದ ಮೇಲೇ ಬರ್ದೈತೆ."

ಚೆನ್ನಯ್ಯನಿಗೆ ಅನುಮಾನ ಪಡುವುದೆಂದರೆ ಊಟಕ್ಕಿಂತ ಪ್ರೀತಿ. ಆದರೆ ಈ ಸಲ ಪಾಲಾಕ್ಷನಿಗೂ ಬೇರೆ ತೋಚಲಿಲ್ಲ. ಆವತ್ತು ಮಧ್ಯಾಹ್ನವೇ ಚೆನ್ನಯ್ಯ ಚನ್ನರಾಯಪಟ್ಟಣದ ಬಸ್ಸು ಹತ್ತಿದ, ಸಂಜೆ ಮುಖ ಇಳಿಬಿಟ್ಟುಕೊಂಡು ಬಂದ. ಯೋಗಾನರಸಿಂಹ ಹೇಳಿದ್ದು ನಿಜ. ಶನಿವಾರ ಒಂದೂವರೆಯ ಬಸ್ಸು ಶಾಂತಿಗ್ರಾಮದಲ್ಲಿ ಕೆಟ್ಟು ನಿಂತು, ಅವರು ಮೂರು ಗಂಟೆ ಕಾಲ ಚಹಾದ ಅಂಗಡಿಯಲ್ಲಿ ಕೂತು ಕಂಡಕ್ಟರನ್ನು ಬೈದಿದ್ದರು. ಭಾನುವಾರ ಇಡೀ ದಿನ ಮಾವನ ಮನೆ ಜಗಲಿ ಬಿಟ್ಟು ಕದಲಿರಲಿಲ್ಲ.

ಮಂಗಳವಾರ, 13ನೇ ತಾರೀಕು. ಪಾಲಾಕ್ಷ ಒಬ್ಬನೇ ಪಂಚನಾಮೆಯನ್ನು ಮತ್ತೆ ಓದಿದ. ಥೂ, ಎಂಥ ಬೇಜವಾಬ್ದಾರಿ! ಬೀರುವಿನ ಮುಂಭಾಗದ ವರ್ಣನೆ ಒಂದು ಪುಟ, ಹಿಂಭಾಗದ ಬಗ್ಗೆ ಒಂದಕ್ಷರ ಇಲ್ಲ. 9 ಗಂಟೆಗೇ ಪ್ರಯೋಗಶಾಲೆಗೆ ಹೋಗಿ, ಇಬ್ಬರು ಕಾನ್ಸ್‌ಟೇಬಲ್‌ಗಳಿಂದ ಬೀರುವನ್ನು ಗೋಡೆಯಿಂದ ಈಚೆಗೆ ಸರಿಸಿಸಿದ. ಹಿಂದಿನ ಹಲಗೆಗೆ ಹನ್ನೆರಡು ಸ್ಕ್ರೂ. ಆಸಿಡ್ ಹೊಗೆಗೆ ಆರು ತುಕ್ಕು ಹಿಡಿದು ಕೆಂಪಾಗಿದ್ದವು. ಉಳಿದ ಆರು ಹೊಳೆಯುತ್ತಿದ್ದವು. ಮುಟ್ಟಿದರೆ ಬೆರಳಿಗೆ ಜಿಡ್ಡು ಅಂಟಿತು. ಪಾಲಾಕ್ಷ ಮೂಸಿ ನೋಡಿದ. ಹರಳೆಣ್ಣೆ.

"ಬೀಗದ ಕೈ ಇರೋನು ಹಲಗೆ ಬಿಚ್ಚೋಲ್ಲ," ಪಾಲಾಕ್ಷ ಹೇಳಿದ. "ಯೋಗಾನರಸಿಂಹರನ್ನ ಬಿಡು."

"ಕದ್ದೋನು ಸ್ಕ್ರೂಗೆ ಎಣ್ಣೆ ಯಾಕ್ ಅಚ್ತಾನೆ ಸಾ?"

"ನಾಳೆಯೂ ಈ ಬೀರು ನೋಡ್ಕೊಳ್ಳೋನು ಅವನೇ ಆದರೆ ಹಚ್ತಾನೆ. ಅಭ್ಯಾಸಬಲ."

ಇಬ್ಬರೂ ಬಾಗಿಲ ಕಡೆ ನೋಡಿದರು. ದೇವಯ್ಯ ಗಾಜಿನ ನಳಿಕೆಯ ತಿರುಪಿಗೆ ಎಣ್ಣೆ ಹಚ್ಚಿ, ತಿರುಗಿಸಿ ನೋಡಿ, ಬಟ್ಟೆಯಲ್ಲಿ ಒರೆಸಿಡುತ್ತಿದ್ದ.

ಆದರೆ ಯಾಕೆ? ಇಂಗ್ಲಿಷ್ ಬಾರದ ಅಟೆಂಡರನಿಗೆ ಆ ಹಾಳೆ ಏನಕ್ಕೆ? ಯಾರಾದರೂ ಹೇಳಿ ಮಾಡಿಸಿರಬೇಕು. ಬುಧವಾರ ಪಾಲಾಕ್ಷ ಯೋಗಾನರಸಿಂಹರನ್ನು ಠಾಣೆಗೆ ಕರೆಸಿದ.

"ನೀವು ಏನೋ ಮುಚ್ಚಿಡ್ತಿದ್ದೀರಿ."

ಅವರು ಕನ್ನಡಕ ತೆಗೆದರು. "ಜುಲೈನಲ್ಲಿ ಅವರಿಗೆ ಗೊತ್ತಾಗದ ಹಾಗೆ ನಾನೇ ಆ ಪ್ರಯೋಗ ಮಾಡಿ ನೋಡಿದೆ. ಎರಡು ದಿನ. ಅವರ ನೋಟ್ ಬುಕ್ಕಿನ ಪ್ರಕಾರವೇ, ಒಂದು ಡಿಗ್ರಿ ತಪ್ಪದ ಹಾಗೆ. ದಾರ ಬರಲಿಲ್ಲ. ಬರೀ ಗೋಂದು."

"ಅವರಿಗೆ ಹೇಳಲಿಲ್ಲವೇ?"

"ಹೇಗೆ ಹೇಳಲಿ? ಹೊಟ್ಟೆಕಿಚ್ಚು ಅನ್ನೋಲ್ಲವೇ? ನಿಮ್ಮ ಹೆಡ್ ಕಾನ್ಸ್‌ಟೇಬಲ್ಲೇ ಅಂದರಂತೆ."

ಚೆನ್ನಯ್ಯ ಲಾಠಿಯ ತುದಿ ಪರೀಕ್ಷಿಸತೊಡಗಿದ.

ಗುರುವಾರ ಗಂಗಾಂಬಿಕೆಯ ಸರದಿ. ಅರಕಲಗೂಡಿನ ಹೆಣ್ಣುಮಗಳು, ಕಾಲೇಜಿನ ಟೈಪಿಸ್ಟ್. ತನ್ನ ಬಳಿ ಯಾವ ಪ್ರತಿಯೂ ಇಲ್ಲವೆಂದು ಎರಡು ಸಲ ಹೇಳಿದಳು. ಮೂರನೆಯ ಸಲ ಅತ್ತಳು. ಟೈಪು ತಪ್ಪಿ ಕೆಟ್ಟ ಹಾಳೆಗಳನ್ನು ಸುಡಬೇಕೆಂದು ತಿರುನಾರಾಯಣ ಕಟ್ಟಪ್ಪಣೆ ಮಾಡಿದ್ದರು. ಕಾಗದ ಹಾಳುಮಾಡಲು ಮನಸ್ಸು ಬಾರದೆ, ಅವುಗಳ ಬೆನ್ನ ಮೇಲೆ ಸಾಮಾನಿನ ಚೀಟಿ ಬರೆಯಲು ಇಟ್ಟುಕೊಂಡಿದ್ದಳು. ಒಂದು ಹಾಳೆಯ ಬೆನ್ನಿಗೆ ಉದ್ದಿನಬೇಳೆ, ಸೀಗೆಕಾಯಿ. ಮುಖದ ಮೇಲೆ ಪ್ರಯೋಗಗಳ ಪಟ್ಟಿ. ಮಾರ್ಚ್ 17, ಏಪ್ರಿಲ್ 8, ಜೂನ್ 24: ದಾರ ಬಂತು. ಏಪ್ರಿಲ್ 22: ಬರಲಿಲ್ಲ, ಬಹುಶಃ ತೇವದಿಂದ.

ಪಾಲಾಕ್ಷ ಹಾಜರಿ ಪುಸ್ತಕ ತರಿಸಿ ಪಕ್ಕದಲ್ಲಿಟ್ಟುಕೊಂಡ. ದಾರ ಬಂದ ಮೂರೂ ದಿನ ದೇವಯ್ಯ ಹಾಜರು. ಏಪ್ರಿಲ್ 22 ರಜೆ. ಯೋಗಾನರಸಿಂಹ ಮಾಡಿ ನೋಡಿದ ಜುಲೈ ವಾರ ಪೂರ್ತಿ ರಜೆ, ನಾಟಿ ಕೆಲಸಕ್ಕೆಂದು. ಪಾಲಾಕ್ಷ ಆ ಪುಟವನ್ನೇ ನೋಡುತ್ತ ಕುಳಿತ. ತಂದಿಟ್ಟ ಕಾಫಿ ಆರಿಹೋಯಿತು.

ಶುಕ್ರವಾರ, 16ನೇ ತಾರೀಕು. ಬೆಳಗಿನ ರೈಲಿಗೆ ಪಾಲಾಕ್ಷ, ಚೆನ್ನಯ್ಯ ಹೊಳೆನರಸೀಪುರಕ್ಕೆ ಹೋಗಿ, ಅಲ್ಲಿಂದ ಜಟಕಾದಲ್ಲಿ ಹಳೇಕೋಟೆ ತಲುಪಿದರು. ದೇವಯ್ಯನ ಮನೆ ಊರಾಚೆಯ ಕೇರಿಯಲ್ಲಿತ್ತು. ಪಂಚರನ್ನು ಕರೆಸಿ 10 ಗಂಟೆ 50 ನಿಮಿಷಕ್ಕೆ ಶೋಧನೆ ಶುರುವಾಯಿತು. ಹೆಂಡತಿ ಹೊನ್ನಕ್ಕ ಬಾಗಿಲಲ್ಲೇ ನಿಂತಿದ್ದಳು. ಗೂಡಿನಲ್ಲಿ ಪಾರದರ್ಶಕ ದಾರದ ಒಂದು ಸುರುಳಿ ಸಿಕ್ಕಿತು, ಅರ್ಧ ಖರ್ಚಾಗಿತ್ತು.

"ಇದೇನಮ್ಮ?"

"ಮೀನಿಡಿಯ ದಾರ ಸಾ. ಮೈಸೂರಿಂದ ತಂದ್ರು. ನೈಲಾನಂತೆ."

"ಮೀನು ಹಿಡೀತಾನಾ?"

"ಅಯ್ಯೋ, ಗಾಳಾನೇ ಇಲ್ಲ ಸಾ! ಒಂದ್ ಮೀನೂ ತಂದಿಲ್ಲ ಪುಣ್ಯಾತ್ಮ. ದಾರ ಮಾತ್ರ ಸವೀತೈತೆ, ಏನ್ ಮಾಡ್ತಾರೋ ಕಾಣೆ."

ಪಾಲಾಕ್ಷ ಬೆಂಕಿಕಡ್ಡಿ ಗೀರಿ ತುದಿಗೆ ಹಿಡಿದ. ದಾರ ಉರಿಯಲಿಲ್ಲ, ಕರಗಿ ಗುಂಡಗಾಯಿತು. ಕಡ್ಡಿಯಿಂದ ಎಳೆದರೆ ಎಳೆ ಬಂತು. ಚೆನ್ನಯ್ಯನಿಗೂ ಆಗ ಅರ್ಥವಾಯಿತು.

ಅಟ್ಟದ ಮೇಲೆ, ರಾಗಿ ಮಡಕೆಯೊಳಗೆ, ಪ್ರಯೋಗಶಾಲೆಯ ಒರೆಸುಬಟ್ಟೆಯಲ್ಲಿ ಸುತ್ತಿದ ಗಂಟಿತ್ತು. ನೋಟ್ ಬುಕ್ಕು, ಹದಿನಾಲ್ಕು ಹಾಳೆ, ಗಾಜಿನ ಕೊಳವೆ. ಕೊಳವೆ ಒಡೆಯದಿರಲೆಂದು ಹತ್ತಿ ಸುತ್ತಿತ್ತು. ಎಲ್ಲವನ್ನೂ ಮುದ್ದೆಮಾಲು ಪಟ್ಟಿಗೆ ಸೇರಿಸಿದರು. ಮೀನಿನ ದಾರ ನಾಲ್ಕನೆಯ ಬಾಬ್ತು.

ಸಂಜೆ 5 ಗಂಟೆ 10 ನಿಮಿಷಕ್ಕೆ ಕಾಲೇಜಿನ ಹಿಂದಿನ ನಲ್ಲಿಯ ಬಳಿ ದೇವಯ್ಯನನ್ನು ದಸ್ತಗಿರಿ ಮಾಡಲಾಯಿತು. ಅವನು ಓಡಲಿಲ್ಲ. ತೊಳೆಯುತ್ತಿದ್ದ ಬೀಕರನ್ನು ಬೋರಲು ಹಾಕಿ, ಕೈ ಒರೆಸಿಕೊಂಡು ಬಂದ.

"ಮೀನಿನ ದಾರ ಹಾಕಿದ್ದು ಯಾಕೆ?" ಠಾಣೆಯಲ್ಲಿ ಪಾಲಾಕ್ಷ ಕೇಳಿದ.

"ಅಯ್ಯೋ ಅನ್ನುಸ್ತು ಸಾ. ಮೂರು ವರ್ಸ ಬರೀ ಗೋಂದು. ಆ ಕ್ವಾಣೆ ಬಿಡ್ಸಿ ಬೇರೇರ್ಗೆ ಕೊಡ್ತೀವಿ ಅಂತ ಆಪೀಸ್ನೋರು ಅಂದುದ್ರು. ಮೇಷ್ಟ್ರು ಟೇಬಲ್ ಮೇಲೆ ತಲೆ ಇಟ್ಕಂಡು ಅತ್ಬುಟ್ರು. ನನ್ ಕೈಲಿ ನೋಡಕ್ಕಾಗ್ನಿಲ್ಲ. ಕಾದಿದ್ ಗೋಂದ್ನ ಬಗ್ಗಿಸ್ಬುಟ್ಟು ಈ ದಾರನೇ ಆಕ್ದೆ, ಕರಗೋಯ್ತು. ಬೆಳಿಗ್ಗೆ ಬಂದು ಕಾಸಿ, ಗಾಜಿನ್ ಕಡ್ಡಿ ಅದ್ದಿ ಎಳುದ್ರು. ಬಂತು."

"ಸರಿ, ಒಂದು ಸಲ ಅಯ್ಯೋ ಅನ್ನಿಸ್ತು. ಮತ್ತೆ ಎರಡು ಸಲ?"

ದೇವಯ್ಯ ತನ್ನ ಬಲಗೈಯನ್ನು ನೋಡಿಕೊಂಡ.

"ದಾರ ಬಂದೇಟ್ಗೆ ಮೇಷ್ಟ್ರು ನನ್ ಕೈ ಇಡ್ಕಂಡ್ರು ಸಾ. ದೇವಯ್ಯ, ಬಂತು ಕಣೋ, ಅಂತ ಎಲ್ಡೂ ಕೈಲಿ ಇಡ್ಕಂಡು ಕುಣುದ್ರು. ಅನ್ನೊಂದು ವರ್ಸದಾಗೆ ಏನ್ ಕೊಟ್ರೂ ಟೇಬಲ್ ಮೇಲಿಟ್ಟೇ ಕೊಟ್ಟೋರು. ಬರಿಯಾದ್ ಕಲ್ಸುದ್ರಲ್ಲ, ಆವಾಗ್ಲೂ ಸೀಮೆಸುಣ್ಣ ಟೇಬಲ್ ಮೇಲೇ." ಅವನು ಅಂಗೈಯನ್ನು ಅಂಗಿಗೆ ಒರೆಸಿಕೊಂಡ. "ಇನ್ನೊಂದ್ ಸಲ ಇಡ್ಕತಾರೆ ಅಂತ ಆಸೆ ಆಯ್ತು ಸಾ. ಇಡ್ಕಂಡ್ರು."

ಚೆನ್ನಯ್ಯನ ಪೆನ್ನು ನಿಂತಿತ್ತು.

"ಅಚ್ಚಾಯ್ತದೆ ಅಂತ ನಂಗೊತ್ತಿರ್ನಿಲ್ಲ. ದಾರ ಪರೀಕ್ಸೆ ಮಾಡ್ತಾರೆ ಅಂದಾಗ ಎದೆ ಒಡ್ದೋಯ್ತು. ದಾರ ಇಲ್ದಿದ್ರೆ ಕಳ್ಸಂಗಿಲ್ಲ, ಬುಕ್ಕಿಲ್ದಿದ್ರೆ ಮತ್ತೆ ಮಾಡಂಗಿಲ್ಲ ಅಂತ ತಕಂಡೋದೆ."

"ಸುಟ್ಟು ಹಾಕಿದ್ದರೆ ನಾವು ಹಿಡೀತಾನೇ ಇರಲಿಲ್ಲ."

"ಅದ್ರಾಗಿರೋ ಅಂಕೆಲ್ಲ ನಾನ್ ಬರ್ದಿದ್ದು ಸಾ. ಎಂಗ್ ಸುಡ್ಲಿ?" ಅವನು ಕೈ ಮುಗಿದ. "ನನ್ನ ಕಳ್ಳ ಅಂತ್ಲೇ ಬರ್ಕಳಿ. ಮೇಷ್ಟ್ರಿಗೆ ಈ ದಾರದ್ ಇಸ್ಯ ಒಂದ್ ಏಳ್ಬ್ಯಾಡಿ. ನಿಮ್ ಕಾಲ್ ಇಡ್ಕತೀನಿ."

ಶನಿವಾರ ಬೆಳಿಗ್ಗೆ ದೇವಯ್ಯನನ್ನು ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ದರು. ಕಲಂ 380 ಹೋಗಿ 381 ಆಯಿತು, ನೌಕರನೇ ಮಾಡಿದ ಕಳವು. 11 ಗಂಟೆಗೆ ಮಾಲು ಗುರುತಿಸಲು ತಿರುನಾರಾಯಣ ಠಾಣೆಗೆ ಬಂದರು.

"ಆ ದ್ರೋಹಿಗೆ ಅಕ್ಷರ ಕಲಿಸಿದೆ ನಾನು!"

ಪಾಲಾಕ್ಷ ಪಟ್ಟಿಯನ್ನು ಮುಂದಿಟ್ಟ. ತಿರುನಾರಾಯಣ ಒಂದೊಂದೇ ಬಾಬ್ತಿನ ಮುಂದೆ ಸಹಿ ಹಾಕುತ್ತ ನಾಲ್ಕನೆಯದರಲ್ಲಿ ನಿಂತರು.

"ನೈಲಾನ್ ಮೀನಿನ ದಾರ, ಅರ್ಧ ಸುರುಳಿ. ಇದು ನನ್ನದಲ್ಲ."

"ಅಲ್ಲ."

"ಮತ್ತೆ ಇಲ್ಲಿ ಯಾಕಿದೆ?"

ಪಾಲಾಕ್ಷ ಹೇಳಬಾರದೆಂದೇ ಇದ್ದ. ಆದರೆ ಅವರು ಆಗಲೇ ಸುರುಳಿಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ತೀಡಿ, ಕೊಳವೆಯ ದಾರದ ಪಕ್ಕ ಇಟ್ಟುಕೊಂಡಿದ್ದರು. ರಸಾಯನಶಾಸ್ತ್ರದವರಿಗೆ ಇನ್ನೇನು ಹೇಳಬೇಕು. ಅವರು ಮೆಲ್ಲಗೆ ಬೆಂಚಿನ ಮೇಲೆ ಕುಳಿತರು.

"ಮೂರು ಸಲವೂ?"

"ಮೂರು ಸಲವೂ."

"ಯಾಕಂತೆ?"

ಪಾಲಾಕ್ಷ ಹೇಳಿದ. ಗೋಂದಿನದನ್ನೂ ಹೇಳಿದ, ಕೈಯದನ್ನೂ ಹೇಳಿದ. ತಿರುನಾರಾಯಣ ಬಹಳ ಹೊತ್ತು ನೋಟ್ ಬುಕ್ಕಿನ ಪುಟ ತಿರುವುತ್ತಿದ್ದರು. ಪುಟಪುಟದಲ್ಲೂ ದುಂಡಗೆ ಬರೆದ ಅಂಕೆಗಳು. ಆಮೇಲೆ ಒಂದು ಹಾಳೆ ಕೇಳಿ ಪಡೆದು, ಪತ್ರಿಕೆಯ ಸಂಪಾದಕರಿಗೆ ತಂತಿಯ ಒಕ್ಕಣೆ ಬರೆದರು. ದಾರ ನನ್ನದಲ್ಲ, ಲೇಖನ ಹಿಂದಕ್ಕೆ ಪಡೆದಿದ್ದೇನೆ. ಅಷ್ಟೇ.

ಎದ್ದು ಬಾಗಿಲ ತನಕ ಹೋದವರು ತಿರುಗಿ ಬಂದರು.

"ಕೃತ್ಯಕ್ಕೆ ಕಾರಣ ಅಂತ ಬರೀತೀರಲ್ಲವೇ?"

"ಕೇಸ್ ಡೈರಿಯಲ್ಲಿ ಬರೀತೀವಿ."

"ಅವನ ಕೈ ಹಿಡಿದೆ ಅಂತ ಬರೆದಿದ್ದೀರಾ?"

"ಬರೆದಿದೆ."

ತಿರುನಾರಾಯಣ ಚೆನ್ನಯ್ಯನ ಪೆನ್ನಿನ ಕಡೆ ನೋಡಿದರು. "ಆ ಮೂರು ದಿನವೂ ನಾನು ಮನೆಗೆ ಹೋಗಿ, ಬಟ್ಟೆ ನೆನೆಹಾಕಿ, ಸ್ನಾನ ಮಾಡಿದೆ. ಅದನ್ನೂ ಬರ್ಕೊಳ್ಳಿ."

ಚೆನ್ನಯ್ಯ ಬರೆದುಕೊಂಡ. ಸಮಯ 11 ಗಂಟೆ 35 ನಿಮಿಷ.