ಸೂಪಿನಲ್ಲಿ ಸೀಮೆಎಣ್ಣೆ

ಮೌನಪ್ರಾರ್ಥನೆಯ ಹೊತ್ತಿನಲ್ಲಿ ಬೆಂಚಿನ ತುದಿಗೆ, ಗೋಡೆಗೊರಗಿ, ನಾನು ಸೊಗಸಾಗಿ ನಿದ್ದೆ ಹೊಡೆದಿದ್ದೆ. ಮುಗಿದಾಗ ನಮ್ಮ ಕ್ವೇಕರ್ ಕ್ರೈಸ್ತ ಪಂಥದ ಪದ್ಧತಿಯಂತೆ ಪಕ್ಕದ ಹಿರಿಯ ಜೇಬೆಜ್‌ನ ಕೈ ಕುಲುಕಿ ಎದ್ದೆ. ಅಷ್ಟರಲ್ಲಿ ಅಡುಗೆಕೋಣೆಯಿಂದ ಕೂಗು ಕೇಳಿಸಿತು. ಸೂಪಿನ ಹಂಡೆಗೆ ಯಾರೋ ಸೀಮೆಎಣ್ಣೆ ಸುರಿದಿದ್ದರು! ವಾಸನೆ ತಾಳಲಾರದೆ ನಾನು ಬಾಗಿಲಲ್ಲೇ ನಿಂತೆ.

ಅಂಗಳದಲ್ಲಿ ಬಟ್ಟಲು ಹಿಡಿದು ಕಾಯುತ್ತಿದ್ದವರು ಜರ್ಮನ್ ಹೆಂಗಸರು, ಮಕ್ಕಳು. ಜರ್ಮನ್ನರ ಜೊತೆ ಯುದ್ಧ ಶುರುವಾದ ಮೇಲೆ ಸರ್ಕಾರ ಅವರ ಗಂಡಂದಿರನ್ನು ಶಿಬಿರದಲ್ಲಿ ಕೂಡಿಹಾಕಿತ್ತು. ಯಾರ್ಕ್‌ಷೈರಿನ ನಮ್ಮೂರಲ್ಲಿ ಅವರಿಗೆ ಬ್ರೆಡ್ಡು ಮಾರುವವರೂ ಇರಲಿಲ್ಲ. ನಾವು ಉಣಿಸುತ್ತಿದ್ದೆವು. ಅದು ಊರಿಗೆ ಕಣ್ಣುರಿ. ಉರಿದರೆ ಉರಿಯಲಿ ಎಂದೇ ನಾನು ಅಂದುಕೊಂಡಿದ್ದೆ.

ಕಾನ್‌ಸ್ಟೆಬಲ್ ಗ್ರಿಮ್‌ಶಾ ಬಂದವನೇ ಅಡುಗೆಯ ಲೀಸೆಲ್‌ಳ ರಟ್ಟೆ ಹಿಡಿದ. ಅವಳೂ ಜರ್ಮನ್ನಳೇ.

"ಹೊರಬಾಗಿಲಿಗೆ ಒಳಗಿಂದ ಚಿಲಕ. ಒಳಗಿದ್ದೋಳು ಇವಳೊಬ್ಬಳೇ. ಇವಳನ್ನ ಇವಳ ದೇಶಕ್ಕೆ ಹಡಗು ಹತ್ತಿಸ್ತೀನಿ, ಮಕ್ಕಳು ಅನಾಥಾಲಯಕ್ಕೆ!"

"ನಾನು ಇದ್ದಿಲು ತರೋಕೆ ನೆಲಮಾಳಿಗೆಗೆ ಇಳಿದಿದ್ದೆ," ಎಂದಳು ಲೀಸೆಲ್. "ಅಲ್ಲಿರೋದು ನನ್ನ ಮಕ್ಕಳು ಕುಡಿಯೋ ಸೂಪು ಕಣೋ!"

"ಕೈ ಬಿಡು ನೀನು," ಎಂದಳು ನನ್ನ ಅಕ್ಕ ಟ್ಯಾಬಿತಾ. ಊರಲ್ಲಿ ಏನು ಕಳುವಾದರೂ ಪೊಲೀಸರಿಗಿಂತ ಮೊದಲು ಕಳ್ಳನ ಮನೆ ಬಾಗಿಲು ತಟ್ಟುವವಳು ಅವಳೇ.

"ಕಾನ್‌ಸ್ಟೆಬಲ್‌ಗೆ ನೀನು ಅಂತೀಯಾ?"

"ರಾಜ ಬಂದ್ರೂ ನಾವು ಕ್ವೇಕರರು ನೀನು ಅಂತಲೇ ಅನ್ನೋದು. ನಿಂದ್ಯಾವ ದೊಡ್ಡಸ್ತಿಕೆ?"

ಇತ್ತ ನಾನು ಬ್ರೆಡ್ಡು ಮುರಿದು ಹಂಚತೊಡಗಿದ್ದೆ. ಒಂದು ಮಗು ಮುಖ ಕಿವುಚಿ ಉಗಿಯಿತು. ಮೂಸಿದರೆ ಅದಕ್ಕೂ ಸೀಮೆಎಣ್ಣೆ! ಹಾಳಾದವರು ಬ್ರೆಡ್ಡನ್ನೂ ಬಿಟ್ಟಿಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು. ಅಕ್ಕ ಬುಟ್ಟಿಯೊಳಗಿನ ಬ್ರೆಡ್ಡನ್ನು ಮೂಸಿದಳು, ಆಮೇಲೆ ಎಲ್ಲರನ್ನೂ ಬೆಂಚುಗಳಿಗೆ ಕರೆದು ಕೂರಿಸಿದಳು.

"ಬುಟ್ಟಿಯ ಬ್ರೆಡ್ಡಿಗೆ ವಾಸನೆ ಇಲ್ಲ. ನನ್ನ ತಮ್ಮ ಎನೋಕ್ ಮುಟ್ಟಿದ್ದಕ್ಕೆ ಮಾತ್ರ ಇದೆ," ಎಂದಳು.

"ಹಾಗಾದ್ರೆ ನಿನ್ನ ತಮ್ಮನೇ ಕಳ್ಳ!" ಎಂದ ಗ್ರಿಮ್‌ಶಾ.

"ಇವನ ಗೊರಕೆ ನಾವೆಲ್ಲ ಗಂಟೆಪೂರ್ತಿ ಕೇಳಿದ್ದೀವಿ. ಎದ್ದ ಮೇಲೆ ಇವನು ಹಂಡೆ ಮುಟ್ಟಿಲ್ಲ, ಒಂದು ಕೈ ಕುಲುಕಿದ್ದಾನೆ ಅಷ್ಟೆ. ಒಂದು ಪಕ್ಕ ಗೋಡೆ. ಇನ್ನೊಂದು ಪಕ್ಕ ಯಾರು? ಮೌನದಲ್ಲಿ ಯಾರಾದ್ರೂ ಎದ್ದು ಹೋದ್ರೆ ನಾವು ಕಣ್ಣು ತೆರೆದು ನೋಡಲ್ಲ. ಅದು ಗೊತ್ತಿದ್ದೋನೇ ಒಳಬಾಗಿಲಿಂದ ಅಡುಗೆಕೋಣೆಗೆ ಹೋಗಿ ಬಂದ. ಹೊರಗಿನವನಾಗಿದ್ರೆ ಕೈ ಜೇಬಲ್ಲಿ ಇಟ್ಕೋತಿದ್ದ. ಹುಟ್ಟಾ ಕ್ವೇಕರ್ ಅಭ್ಯಾಸಬಲದಿಂದ ಕೈ ಚಾಚಿಬಿಟ್ಟ. ನಮ್ಮಲ್ಲಿ ಆಣೆ ಇಲ್ಲ, ಸುಳ್ಳೂ ಇಲ್ಲ. ಜೇಬೆಜ್, ನೀನಾ?"

"ಹೌದು," ಎಂದ ಮುದುಕ. "ನಾನು ಬೇಡ ಅಂದ್ರೂ ನನ್ನ ಮಗ ಯುದ್ಧಕ್ಕೆ ಹೋದ. ಇವರ ಜನ ಕೊಂದ್ರು. ಅವರ ಮಕ್ಕಳಿಗೆ ನಮ್ಮ ಒಲೇಲಿ ಊಟವಾ?"

ನನಗೆ ಅವನ ಮೇಲೆ ಸಿಟ್ಟೂ ಬಂತು, ಅಳುವೂ ಬಂತು.

ಗ್ರಿಮ್‌ಶಾ ಲೀಸೆಲ್‌ಳ ಕೈ ಬಿಟ್ಟ. "ಆದ್ರೂ ಈ ಅಡುಗೆಮನೆ ಮುಚ್ಚಿ. ಇಲ್ದಿದ್ರೆ ನಾನೇ ಬೀಗ ಹಾಕ್ತೀನಿ."

"ಹಾಕು. ಅಂಗಳದಲ್ಲಿ ಒಲೆ ಹೂಡ್ತೀವಿ," ಎಂದಳು ಅಕ್ಕ.

ಲೀಸೆಲ್ ಹಂಡೆಯನ್ನು ಚರಂಡಿಗೆ ಬಗ್ಗಿಸಿ, ದರದರನೆ ಎಳೆತಂದು ಜೇಬೆಜ್‌ನ ಕಾಲಬುಡದಲ್ಲಿ ಕುಕ್ಕಿದಳು.

"ನಿನ್ನ ಮಗನಿಗಾಗಿ ನಾನೂ ಅಳ್ತೀನಿ, ಆದ್ರೆ ಈಗಲ್ಲ. ಮಕ್ಕಳು ಹಸಿದಿವೆ. ತಿಕ್ಕು."

ಜೇಬೆಜ್ ಕೋಟು ಬಿಚ್ಚಿಟ್ಟು, ತೋಳು ಮಡಿಸಿ, ಮಂಡಿಯೂರಿದ.