ಎರಡನೇ ಕುರ್ಚಿ

ಮೊದಲ ಸಲ ಕಂಡಾಗ ಡಾಕ್ಟರ್ ಮೇಘಶ್ರೀ ಅವನನ್ನು ರೋಗಿ ಅಂದುಕೊಂಡಿದ್ದಳು.

ಹಾಸನದ ಹೊರವಲಯದ ಒಂದು ಖಾಸಗಿ ಮೆಡಿಕಲ್ ಕಾಲೇಜು. ಮನೋವೈದ್ಯ ವಿಭಾಗದ ಸಂದರ್ಶನದ ಕೋಣೆಯಲ್ಲಿ ಒಬ್ಬ ಗಂಡಸು ಕಿಟಕಿಗೆ ಮುಖ ಮಾಡಿ ಕೂತಿದ್ದ. ತುಟಿ ಸಣ್ಣಗೆ ಅಲುಗುತ್ತಿತ್ತು. ನಡುನಡುವೆ ತಲೆಯೆತ್ತಿ ಸೂರು ನೋಡುತ್ತಿದ್ದ. ಅವಳು ಎದುರಿಗೆ ಕುರ್ಚಿ ಎಳೆದುಕೊಂಡು ಮೆತ್ತಗೆ ಮಾತಿಗೆ ತೊಡಗಿದಳು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಯಾರೂ ಇಲ್ಲದಾಗ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಾ. ಅವನು ಎಲ್ಲಕ್ಕೂ ಉತ್ತರ ಕೊಟ್ಟ. ಅವಳು ಮಾತ್ರೆ ಬರೆಯಲು ಪೆನ್ನು ತೆಗೆದಾಗ ವಿಭಾಗದ ಮುಖ್ಯಸ್ಥರಾದ ಚಂದ್ರಮೌಳಿ ಬಾಗಿಲಲ್ಲಿ ನಿಂತು ನಗುತ್ತಿದ್ದರು.

“ಅವ್ರು ಪೇಷೆಂಟ್ ಅಲ್ಲ ಕಣಮ್ಮ. ಸ್ಟೂಡೆಂಟ್ಸ್ ಪರೀಕ್ಷೆಗೆ ಪೇಷೆಂಟ್ ಪಾತ್ರ ಮಾಡೋಕೆ ನಾನೇ ಕರೆಸಿದ್ದು. ಶಾಂತರಾಜು ಅಂತ, ಮಲ್ಲಿಪಟ್ಟಣದ ಸ್ಕೂಲಲ್ಲಿ ನಾಟಕದ ಮೇಷ್ಟ್ರು.”

ಮೇಘಶ್ರೀಯ ಕಿವಿ ಬಿಸಿಯಾಯಿತು. “ಮೊದ್ಲೇ ಹೇಳೋಕೇನಾಗಿತ್ತು ನಿಮ್ಗೆ?”

“ನೀವು ಅಷ್ಟು ಪ್ರೀತಿಯಿಂದ ಕೇಳ್ತಿದ್ರಿ ಮೇಡಂ,” ಅಂದ ಅವನು. “ನನ್ನ ನಿದ್ದೆ ಬಗ್ಗೆ ಇದುವರ್ಗೂ ಯಾರೂ ವಿಚಾರಿಸಿರ್ಲಿಲ್ಲ.”

ಅವಳಿಗೆ ನಗು ಬಂತು. ಅದನ್ನು ತೋರಿಸಬಾರದೆಂದು ಮೇಷ್ಟರ ಹಾಗೆ ಗದರಿದಳು. “ಆದ್ರೂ ಒಂದು ತಪ್ಪು ಮಾಡಿದ್ರಿ. ಧ್ವನಿ ಕೇಳೋರು ಸಿನಿಮಾದಲ್ಲಿ ತೋರಿಸೋ ಹಾಗೆ ಸೂರು ನೋಡ್ತಾ ಕೂರಲ್ಲ. ಅವ್ರು ನಿಮ್ಮನ್ನೇ ನೋಡ್ತಿರ್ತಾರೆ. ಉತ್ತರ ಮಾತ್ರ ತಡವಾಗುತ್ತೆ.”

“ಯಾಕೆ?”

“ನಿಮ್ಮ ಪ್ರಶ್ನೆಗಿಂತ ಮೊದ್ಲು ಒಳಗಿನ ಮಾತು ಮುಗೀಬೇಕಲ್ಲ.”

ಅವನು ಅವಳನ್ನೇ ನೋಡುತ್ತ ಸುಮ್ಮನಾದ. ಗೋಡೆಯಾಚೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದ ಸದ್ದು ಬಂದು ಅಡಗಿತು. ಆಮೇಲೆ ಅವನು ಹೇಳಿದ, “ಹೀಗಾ?”

ಹೌದು, ಹಾಗೇ. ಅವಳು ತೆಗೆದ ಪೆನ್ನನ್ನು ಮತ್ತೆ ಮುಚ್ಚಿಟ್ಟಳು.

*

ಮೇಘಶ್ರೀ ತನ್ನ ವಯಸ್ಸಿನ ಒಳ್ಳೆಯ ಭಾಗವನ್ನೆಲ್ಲ ಒಂದೇ ಪ್ರಶ್ನೆಗೆ ಕೊಟ್ಟಿದ್ದಳು. ಮನಸ್ಸು ಕದಡಿ ಮೊದಲ ಧ್ವನಿ ಕೇಳಿಸಿದ ದಿನದಿಂದ ಮೊದಲ ಮಾತ್ರೆ ನುಂಗುವ ದಿನದವರೆಗೆ ಒಬ್ಬ ಮನುಷ್ಯ ಎಷ್ಟು ಕಾಲ ಕಳೆದುಕೊಳ್ಳುತ್ತಾನೆ? ಯಾಕೆ? ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳ ಮನೆಮನೆಗೆ ಹೋಗಿ ಜಗುಲಿಯಲ್ಲಿ ಕೂತು ಕೇಳಿದ್ದಳು. ಆಸ್ಪತ್ರೆ ದೂರ ಅನ್ನುವುದು ಕಾರಣವಾಗಿರಲಿಲ್ಲ. ನಾಚಿಕೆಯೇ ಕಾರಣವಾಗಿತ್ತು. ಮಗಳ ಮದುವೆ ಆಗಿಬಿಡಲಿ, ಜನಕ್ಕೆ ಗೊತ್ತಾಗದಿರಲಿ ಎಂದು ಮನೆಯವರು ಕೋಣೆಯ ಬಾಗಿಲು ಹಾಕಿ ಕಾಯುತ್ತಿದ್ದರು. ಆ ಕಾಯುವಿಕೆಯಲ್ಲಿ ಹುಡುಗರ ಬುದ್ಧಿ ಹಾಳಾಗಿ ಹೋಗುತ್ತಿತ್ತು. ಅವಳ ಲೇಖನಗಳು ದೊಡ್ಡ ಪತ್ರಿಕೆಗಳಲ್ಲಿ ಬಂದವು. ಪಾಠದಲ್ಲೂ ಅವಳಿಗೆ ಹೆಸರಿತ್ತು.

ಪಾಠದಲ್ಲಿ ಅವಳು ತಂದ ಒಂದು ಪದ್ಧತಿಯಿತ್ತು. ಪಾತ್ರ ಮುಗಿದ ಕೂಡಲೇ ನಟ ಆ ಕುರ್ಚಿಯಿಂದ ಎದ್ದು ಪಕ್ಕದ ಎರಡನೇ ಕುರ್ಚಿಗೆ ಬರಬೇಕು. ತನ್ನ ನಿಜವಾದ ಹೆಸರು ಹೇಳಬೇಕು. ಮೊದಲ ಕುರ್ಚಿಯಲ್ಲಿ ಏನು ಬಿಟ್ಟುಬಂದೆ ಅನ್ನುವುದನ್ನೂ ಎಲ್ಲರೆದುರು ಹೇಳಬೇಕು. “ಇಲ್ದಿದ್ರೆ ಪಾತ್ರ ಅವ್ರ ಜೊತೆ ಮನೆಗೆ ಹೋಗುತ್ತೆ,” ಅನ್ನುತ್ತಿದ್ದಳು.

“ನಾನು ಶಾಂತರಾಜು,” ಅಂದಿದ್ದ ಅವನು ಮೊದಲ ದಿನ ಎರಡನೇ ಕುರ್ಚಿಯಲ್ಲಿ ಕೂತು. “ಹೆಂಡ್ತಿ ಅನ್ನಕ್ಕೆ ವಿಷ ಬೆರೆಸ್ತಾಳೆ ಅನ್ನೋ ಅನುಮಾನಾನ ಅಲ್ಲೇ ಬಿಟ್ಟಿದೀನಿ. ಅನ್ನ ನಾನೇ ಮಾಡ್ಕೊಳ್ಳೋದು. ಹೆಂಡ್ತಿ ಇಲ್ಲ.”

ವಿದ್ಯಾರ್ಥಿಗಳೆಲ್ಲ ನಕ್ಕರು. ಅವನು ಮಾತ್ರ ಅವಳ ಕಡೆ ನೋಡಿದ.

*

ಅವನು ಬರುವ ದಿನ ಅವಳು ನೀಲಿ ಕಾಟನ್ ಸೀರೆ ಉಡತೊಡಗಿದಳು. ಕ್ಯಾಂಟೀನಿನಿಂದ ಬರುವ ಟೀಯಲ್ಲಿ ಒಂದು ಲೋಟ ಸಕ್ಕರೆಯಿಲ್ಲದ್ದು ಇರುತ್ತಿತ್ತು. ಹೇಳಿ ತರಿಸಿದ್ದು ಯಾರೆಂದು ಅವನು ಕೇಳುತ್ತಿರಲಿಲ್ಲ. ಲೋಟವನ್ನು ಅವಳತ್ತ ಒಂದಿಷ್ಟು ಎತ್ತಿ ತೋರಿಸಿ ಕುಡಿಯುತ್ತಿದ್ದ. ಅವಳು ಕಾಗದದಲ್ಲಿ ತಲೆ ಹುದುಗಿಸುತ್ತಿದ್ದಳು.

ಒಂದು ಸಂಜೆ ಚನ್ನರಾಯಪಟ್ಟಣದಲ್ಲಿ ಮನೆಭೇಟಿ ಮುಗಿಸಿ ಅವಳು ಅರಕಲಗೂಡಿಗೆ ಹೊರಟಿದ್ದಳು. ಅಲ್ಲೇ ಶಾಲೆಯ ನಾಟಕ ಮುಗಿಸಿ ಬಸ್ಸಿಗೆ ಕಾಯುತ್ತಿದ್ದವನನ್ನು ಕಾರಿಗೆ ಹತ್ತಿಸಿಕೊಂಡಳು. ಹೊಳೆನರಸೀಪುರದ ಸೇತುವೆಯ ಮೇಲೆ, ಕೇಳದೆಯೇ, ಕಾರು ನಿಲ್ಲಿಸಿದಳು. ಕೆಳಗೆ ಹೇಮಾವತಿ ಸದ್ದಿಲ್ಲದೆ ಹರಿಯುತ್ತಿತ್ತು.

“ಇನ್ನು ಮೇಲೂ ಮೇಡಂ ಅಂತಾನೇ ಕರೀಬೇಕಾ?” ಅವನು ಕೇಳಿದ.

“ಕಾಲೇಜಲ್ಲಿ ಕರೀಬೇಕು.”

“ಸೇತುವೆ ಮೇಲೆ?”

“ಸೇತುವೆ ಮೇಲೆ ಸುಮ್ನಿರ್ಬೇಕು.”

ಅವನು ಸುಮ್ಮನಿದ್ದ. ಅವಳ ಕೈ ತಾನಾಗಿ ಅವನ ಅಂಗೈಯೊಳಗೆ ಹೋಗಿ ಕೂತಿತು. ಅವನ ಬೆರಳ ಸಂದಿಯಲ್ಲಿ ಬಣ್ಣದ ಕಲೆ, ಯಾವುದೋ ರಾಜನ ಮೀಸೆಗೆ ಹಚ್ಚಿದ್ದು, ಇನ್ನೂ ಹೋಗಿರಲಿಲ್ಲ.

“ಮೇಘಾ, ನಿನ್ನ ಸಂಶೋಧನೆಯಲ್ಲಿ ಒಂದು ಕೇಸ್ ಬಿಟ್ಟೋಗಿದೆ.”

“ಯಾವುದು?”

“ಮೊದಲ ಧ್ವನಿ ಕೇಳಿ ಎಷ್ಟು ದಿನ ಆಯ್ತು ನಿಂಗೆ? ಇನ್ನೂ ಮನೇಲಿ ಹೇಳಿಲ್ಲ.”

ನಕ್ಕು ಅವನ ಭುಜಕ್ಕೆ ಹೊಡೆದಳು. ಅವನು ನಗಲಿಲ್ಲ. “ನಂಗೆ ದೊಡ್ಡದೇನೂ ಬ್ಯಾಡ. ಒಬ್ಬರೆದುರು, ಒಂದೇ ಸಲ, ಇವ್ನು ನನ್ನೋನು ಅಂತ ಅನ್ನು. ಸಾಕು.”

“ಅವ್ವನ ಹತ್ರ ಹೇಳ್ತೀನಿ,” ಅಂದಳು. ಸೇತುವೆಯ ಮೇಲೆ ಅದು ಸುಲಭವಾದ ಮಾತಾಗಿತ್ತು.

*

ಅವ್ವ ಸುಬ್ಬಮ್ಮ ಇದ್ದದ್ದು ಹರದನಹಳ್ಳಿಯಲ್ಲಿ. ಮೇಘಶ್ರೀ ಹೋದಳು, ಮುದ್ದೆ ಉಂಡಳು, ಅವ್ವನ ಬಿ.ಪಿ. ನೋಡಿದಳು, ಬಂದಳು. ಮತ್ತೊಮ್ಮೆ ಹೋದಾಗಲೂ ಇಷ್ಟೇ.

ಕೊನೆಗೆ ಅಣ್ಣ ಅನಿಲ್‌ಕುಮಾರನೇ ಹಾಸನದ ಅವಳ ಕ್ವಾರ್ಟರ್ಸಿಗೆ ಬಂದ. ಸೋಫಾದ ತುದಿಯಲ್ಲಿ ಕೂತು ಕಾರಿನ ಬೀಗದ ಕೈ ತಿರುಗಿಸುತ್ತಿದ್ದ.

“ಒಳೆ ಸೇತ್ವೆ ಮೇಲೆ ನಿನ್ ಕಾರ್ ನೋಡೌರೆ ಕಣವ್ವ.”

“ನಿಲ್ಸಿದ್ದೆ. ಗಾಳಿಗೆ.”

“ಜೊತೇಲಿದ್ದೋನು?”

“ನಮ್ಮ ಕಾಲೇಜಲ್ಲಿ ಪೇಷೆಂಟ್ ಪಾತ್ರ ಮಾಡ್ತಾರೆ.”

“ಮಲ್ಲಿಪಟ್ಟಣದಲ್ಲಿ ವಿಚಾರ್ಸ್ದೆ. ದ್ಯಾವಯ್ಯನ ಮಗ. ಮನೆ ಊರಾಚೆ ಐತೆ. ಗ್ವಾಡೆ ಮ್ಯಾಲೆ ಬುದ್ಧನ ಫೋಟೋ ಆಕೌರೆ.” ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಜಮೀನಿನ ಗಡಿ ಹೇಳುವವನ ಹಾಗೆ ಹೇಳಿದ. “ಅವ್ವಂಗೆ ಇನ್ನೂ ಗೊತ್ತಿಲ್ಲ. ಗೊತ್ತಾಗೋ ಅಂತದ್ದೇನಾದ್ರೂ ಐತಾ?”

ಬೀಗದ ಕೈ ಸದ್ದು ನಿಂತಿತು. ಆಗ ಒಬ್ಬರಿದ್ದರು ಎದುರಿಗೆ. ಒಂದೇ ಸಲ ಅಂದರೆ ಸಾಕಿತ್ತು.

“ಅಂಥದ್ದೇನೂ ಇಲ್ಲ,” ಅಂದಳು ಮೇಘಶ್ರೀ.

“ಅಂಗಂದ್ರೆ ಸರಿ. ಜನದ ಬಾಯಿ ಮುಚ್ಸೋದು ನಿನ್ ಕೆಲ್ಸ.”

*

ಚಂದ್ರಮೌಳಿಯವರ ನಿವೃತ್ತಿ ಹತ್ತಿರವಾಗಿತ್ತು. ಅವರ ಕುರ್ಚಿ ಅವಳಿಗೇ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೂ ಮೊದಲು ದೊಡ್ಡದೊಂದು ಕಾರ್ಯಾಗಾರ ಇತ್ತು. ಬೇರೆ ಕಾಲೇಜುಗಳ ಅಧ್ಯಾಪಕರು ಬರುವವರಿದ್ದರು, ಅವಳ ಪಾಠವನ್ನು ವಿಡಿಯೋ ಮಾಡಿ ಎಲ್ಲೆಡೆ ಕಲಿಸಲು ಬಳಸುವುದೆಂದು ತೀರ್ಮಾನವಾಗಿತ್ತು. ಅವತ್ತಿನ ಪಾಠ ಭ್ರಮೆಯ ಕುರಿತು. ಯಾವ ಪುರಾವೆಗೂ ಬಗ್ಗದ, ಗಟ್ಟಿಯಾಗಿ ಬೇರುಬಿಟ್ಟ ಸುಳ್ಳು ನಂಬಿಕೆ.

ಯಾವ ಕೇಸ್ ಆಗಬೇಕೆಂದು ಅವಳೇ ಆರಿಸಿದಳು.

“ಒಬ್ಬ ಮೇಷ್ಟ್ರು,” ಅಂತ ಶಾಂತರಾಜುವಿಗೆ ಫೋನಿನಲ್ಲಿ ಹೇಳಿದಳು. “ಒಬ್ಬ ಲೇಡಿ ಡಾಕ್ಟರ್ ತನ್ನನ್ನ ಪ್ರೀತಿಸ್ತಾರೆ ಅಂತ ನಂಬಿರ್ತಾನೆ. ಅವಳಿಗೆ ಅವನ ಗುರುತೇ ಇರಲ್ಲ. ಪುರಾವೆಗಳನ್ನ ನೀವೇ ಸೇರಿಸ್ಕೊಳ್ಳಿ.”

ಅವಳು ಲೆಕ್ಕ ಹಾಕಿಯೇ ಇದ್ದಳು. ಇದಾದ ಮೇಲೆ ಯಾರು ಏನು ಕಂಡಿದ್ದರೂ ಅದು ಪಾತ್ರದ ಮಾತಾಗಿಬಿಡುತ್ತದೆ.

“ನಿಮ್ಗೆ ಬೇಕಾಗಿದ್ಯಾ ಮೇಡಂ, ಇದು?”

ಕಾಲೇಜಿನ ಹೊರಗೂ ಅವನು ಮೇಡಂ ಅಂದದ್ದು ಅವಳಿಗೆ ಕೇಳಿಸಿತು. “ಪಾಠಕ್ಕೆ ಬೇಕು,” ಅಂದಳು.

“ಬತ್ತೀನಿ.”

*

ಸಭಾಂಗಣ ತುಂಬಿತ್ತು. ಕ್ಯಾಮೆರಾದ ಕೆಂಪು ದೀಪ ಹೊತ್ತಿತ್ತು. ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದಿದ್ದ. ಅವಳು ನೀಲಿ ಸೀರೆ ಉಟ್ಟಿರಲಿಲ್ಲ.

“ಅವ್ರು ನಿಮ್ಮನ್ನ ಪ್ರೀತಿಸ್ತಾರೆ ಅಂತ ಹೇಗೆ ಗೊತ್ತು?” ಅವಳು ಮೊದಲ ಪ್ರಶ್ನೆ ಕೇಳಿದಳು.

“ನಂಗೆ ಮಾತ್ರ ಸಕ್ಕರೆಯಿಲ್ದಿರೋ ಟೀ ತರಿಸ್ತಾರೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. “ಶುಗರ್ ಇರ್ಬೇಕು ಅಂದ್ಕೊಂಡಿರ್ತಾರೆ ಕಣೋ,” ಅಂದಿತು ಒಂದು ಧ್ವನಿ. ನಗು ಹರಡಿತು.

“ನಾನು ಬರೋ ದಿನ ನೀಲಿ ಸೀರೆ ಉಡ್ತಾರೆ.”

ನಗು ಜೋರಾಯಿತು. ಚಂದ್ರಮೌಳಿಯವರು ಪಕ್ಕದವರ ಕಿವಿಯಲ್ಲಿ, “ಎಂಥಾ ನಟನೆ ನೋಡಿ,” ಅಂದರು.

“ಇದಕ್ಕೆಲ್ಲ ಬೇರೆ ಅರ್ಥ ಇರಬಹುದಾ?” ಎರಡನೆಯ ಪ್ರಶ್ನೆ.

“ಸೇತುವೆ ಮೇಲೆ ಕಾರ್ ನಿಲ್ಲಿಸಿ ನನ್ನ ಕೈ ಹಿಡ್ಕೊಂಡಿದ್ರು. ಅದಕ್ಕೆ ಬೇರೆ ಅರ್ಥ ಇದ್ರೆ ನೀವೇ ಹೇಳಿಕೊಡಿ ಮೇಡಂ.”

ಅವಳು ವಿದ್ಯಾರ್ಥಿಗಳತ್ತ ತಿರುಗಿದಳು. ಧ್ವನಿ ಒಂದಿಷ್ಟೂ ನಡುಗಲಿಲ್ಲ. “ಗಮನಿಸಿ. ಸಣ್ಣ ಸಣ್ಣ ವಿಷಯಗಳನ್ನ ಜೋಡಿಸಿ ದೊಡ್ಡ ಅರ್ಥ ಕಟ್ತಾರೆ. ನಡೆದೇ ಇಲ್ಲದ ಘಟನೆಗಳನ್ನೂ ನೆನಪು ಅಂತ ಸೇರಿಸ್ತಾರೆ.” ಪೆನ್ನುಗಳು ಬರೆದುಕೊಂಡವು.

ಶಾಂತರಾಜು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಕೊನೇ ಪ್ರಶ್ನೆ. ಆ ಡಾಕ್ಟರೇ ಬಂದು ನಿಮ್ಮೆದುರು ಇಲ್ಲ ಅಂದ್ರೆ, ಒಪ್ತೀರಾ?”

ಒಪ್ಪುವುದಿಲ್ಲ ಅನ್ನಬೇಕಿತ್ತು ಅವನು. ನಾಚಿಕೆಗೆ ಹಾಗಂತಾರೆ ಅನ್ನಬೇಕಿತ್ತು. ಪಾತ್ರ ಇದ್ದದ್ದೇ ಹಾಗೆ.

ಅವನು ಕಾದ. ಅವಳು ಕಲಿಸಿದ ಹಾಗೆಯೇ, ಅವಳನ್ನೇ ನೋಡುತ್ತ.

“ಒಪ್ತೀನಿ,” ಅಂದ. “ಅವ್ರ ಬಾಯಲ್ಲಿ ಬಂದ್ರೆ ಒಪ್ತೀನಿ.”

ಅವಳಿಗೆ ಅವನು ಏನು ಮಾಡಿದನೆಂದು ತಿಳಿಯಿತು. ಇಷ್ಟು ಜನರೆದುರು, ಬಾಗಿಲು ತೆರೆದು ಹಿಡಿದುಕೊಂಡು ನಿಂತಿದ್ದ. ಒಂದೇ ಹೆಜ್ಜೆ. ಕ್ಯಾಮೆರಾದ ಕೆಂಪು ದೀಪವನ್ನು ನೋಡಿದಳು.

“ಆ ಡಾಕ್ಟರ್ ಇಲ್ಲ ಅಂದಿದ್ದಾರೆ,” ಅಂದಳು. “ನಿಮ್ಮ ಗುರುತೇ ಇಲ್ಲ ಅಂದಿದ್ದಾರೆ.”

“ಆಯ್ತು ಮೇಡಂ.”

ಮುಂದಿನ ಸಾಲಿನಿಂದ ಧನ್ಯಾ ಎಂಬ ವಿದ್ಯಾರ್ಥಿನಿ ಕೈ ಎತ್ತಿದಳು. ಒಳ್ಳೆಯ ಹುಡುಗಿ, ಮೇಘಶ್ರೀಯೇ ತಿದ್ದಿ ಬೆಳೆಸಿದವಳು. “ಮೇಡಂ, ಅವ್ರು ಒಪ್ಕೊಂಡ್ಬಿಟ್ರಲ್ಲ. ಭ್ರಮೆ ಆಗಿದ್ರೆ ಒಪ್ತಿರ್ಲಿಲ್ಲ ಅಂತ ನೀವೇ ಹೇಳಿದ್ರಿ. ಅಂದ್ರೆ... ಇದು ಭ್ರಮೆ ಅಲ್ಲ ಅಲ್ವಾ?”

ನೂರು ಮುಖಗಳು ಉತ್ತರಕ್ಕೆ ಕಾದವು.

“ಕೇಸ್ ಸರಿಯಾಗಿದೆ ಧನ್ಯಾ,” ಅಂದಳು ಮೇಘಶ್ರೀ. “ನಟರು ತಪ್ಪು ಮಾಡಿದ್ದಾರೆ.”

“ಹೌದು, ನಂದೇ ತಪ್ಪು,” ಅಂದ ಶಾಂತರಾಜು.

ಯಾರೂ ಹೇಳುವ ಮೊದಲೇ ಅವನು ಎದ್ದು ಎರಡನೇ ಕುರ್ಚಿಗೆ ಬಂದು ಕೂತ. ಶರ್ಟಿನ ತೋಳು ಸರಿಮಾಡಿಕೊಂಡ.

“ನಾನು ಶಾಂತರಾಜು. ಮಲ್ಲಿಪಟ್ಟಣದ ದ್ಯಾವಯ್ಯನ ಮಗ. ಒಬ್ರು ಡಾಕ್ಟರ್ ನನ್ನ ಪ್ರೀತಿಸ್ತಾರೆ ಅನ್ನೋದನ್ನ ಆ ಕುರ್ಚಿ ಮೇಲೆ ಬಿಟ್ಟಿದೀನಿ. ಮನೆಗೆ ತಗೊಂಡೋಗ್ತಿಲ್ಲ.”

ಚಪ್ಪಾಳೆ ಬಿತ್ತು. ಬೇರೆ ಊರಿನ ಅಧ್ಯಾಪಕರೊಬ್ಬರು ಎದ್ದೇ ನಿಂತು ತಟ್ಟಿದರು.

*

ಆಮೇಲೆ ಅವನು ಕಾಲೇಜಿಗೆ ಬರಲಿಲ್ಲ. ಅವಳು ಪ್ರೊಫೆಸರ್ ಆದಳು, ವಿಭಾಗದ ಮುಖ್ಯಸ್ಥೆಯೂ ಆದಳು. ಆ ವಿಡಿಯೋ ಊರೂರಿನ ಕಾಲೇಜುಗಳಲ್ಲಿ ಓಡಿತು. ಪ್ರತಿ ಹೊಸ ಬ್ಯಾಚಿಗೆ ಅವಳೇ ಅದನ್ನು ಹಾಕಿ ತೋರಿಸುತ್ತಿದ್ದಳು. ಕೊನೆಯ ಪ್ರಶ್ನೆಗೆ ಮೊದಲು ನಿಲ್ಲಿಸಿ, ಉಳಿದದ್ದನ್ನು ಬಾಯಲ್ಲೇ ಹೇಳುತ್ತಿದ್ದಳು. ಮನೆಯವರು ತಂದ ಗಂಡುಗಳನ್ನು ಒಂದೊಂದಾಗಿ ಬೇಡ ಅಂದಳು. ಆ ಒಂದು ಮಾತು ಮಾತ್ರ ಅವಳಿಗೆ ಸುಲಭವಾಗಿ ಬರುತ್ತಿತ್ತು.

ಎಷ್ಟೋ ಕಾಲದ ಮೇಲೆ ಅರಕಲಗೂಡಿನ ಬಸ್ ಸ್ಟ್ಯಾಂಡಿನ ಹತ್ತಿರ ಅವನು ಸಿಕ್ಕಿದ. ಮನೆಭೇಟಿಗೆಂದು ಅವಳ ಜೊತೆ ಬಂದಿದ್ದ ಪರಮೇಶ್, ವಿಭಾಗಕ್ಕೆ ಹೊಸದಾಗಿ ಸೇರಿದ ಸಮಾಜ ಕಾರ್ಯಕರ್ತ, ಪಕ್ಕದಲ್ಲಿ ಎಳನೀರು ಕುಡಿಯುತ್ತಿದ್ದ. ಶಾಂತರಾಜುವಿನ ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕಿರೀಟವಿತ್ತು. ಕಿವಿಯ ಹಿಂದೆ ಒಂದೆರಡು ಬಿಳಿ ಕೂದಲು.

“ಚೆನ್ನಾಗಿದ್ದೀಯಾ?” ಅಂದಳು.

ಅವನು ಅವಳನ್ನೇ ನೋಡಿದ. ಉತ್ತರ ತಡವಾಯಿತು.

“ಕೇಳ್ತಿರೋದು ಯಾರು?” ಅಂದ ಕೊನೆಗೆ, ಸಣ್ಣ ಧ್ವನಿಯಲ್ಲಿ. “ಡಾಕ್ಟ್ರಾ?”

ಪರಮೇಶ್ ಎಳನೀರಿನ ಬುರುಡೆ ಕೆಳಗಿಟ್ಟು ಇಬ್ಬರನ್ನೂ ನೋಡಿದ. ಒಬ್ಬರಿದ್ದರು ಎದುರಿಗೆ, ಮತ್ತೊಮ್ಮೆ.

“ಹೂಂ,” ಅಂದಳು ಮೇಘಶ್ರೀ. “ಡಾಕ್ಟರೇ.”

“ಚೆನ್ನಾಗಿದೀನಿ ಡಾಕ್ಟ್ರೇ. ನಿದ್ದೆ ಬತ್ತದೆ. ಊಟ ಸೇರ್ತದೆ.” ಮಲ್ಲಿಪಟ್ಟಣದ ಬಸ್ಸು ಬಂತು. ಕಿರೀಟ ನಜ್ಜಾಗದ ಹಾಗೆ ಎದೆಗೊತ್ತಿಕೊಂಡು ಅವನು ಹತ್ತಿದ. ಕಿಟಕಿಯ ಸೀಟೇ ಸಿಕ್ಕಿತ್ತು. ತಿರುಗಿ ನೋಡಲಿಲ್ಲ.

“ಯಾರು ಮೇಡಂ ಅವ್ರು?” ಪರಮೇಶ್ ಕೇಳಿದ.

“ಹಳೇ ಪೇಷೆಂಟು.”

“ಓ. ಈಗ ಪೂರ್ತಿ ವಾಸಿ ಆಗಿದ್ಯಾ?”

ಬಸ್ಸು ತಿರುವಿನಲ್ಲಿ ಮರೆಯಾಯಿತು. ಧೂಳು ಕೂತಿತು. ಬೇರೆ ಯಾರದೋ ಮಾತು ಮುಗಿಯಲೆಂದು ಕಾಯುವವಳ ಹಾಗೆ, ಪರಮೇಶನ ಮುಖವನ್ನೇ ನೋಡುತ್ತ, ಮೇಘಶ್ರೀ ಬಹಳ ಹೊತ್ತು ನಿಂತಳು.

“ಆಗಿದೆ,” ಅಂದಳು.